43ನೇ ನಂಬರಿನ ಲೊರೆಂಜೊ

ಕಳೆದ ಭಾನುವಾರ ಕ್ಯಾರಿಯಲ್ಲಿ ಗೆಳೆಯರೊಬ್ಬರ ಮನೆಯಲ್ಲಿ ಯುಗಾದಿ ಊಟಕ್ಕೆ ಸೇರಿದ್ದೆವು. ಒಳಗೆ ಕಾವಲಿಯ ಮೇಲೆ ಹೋಳಿಗೆ ಬೇಯುತ್ತಿತ್ತು, ಹೊರಗೆ ಟಿ.ವಿ.ಯಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್ ಓಡುತ್ತಿತ್ತು. ನಾರ್ತ್ ಕೆರೊಲಿನಾದಲ್ಲಿರುವ ನಮ್ಮಂಥವರಿಗೆ ಯುಗಾದಿ ಮತ್ತು ಕಾಲೇಜು ತಂಡಗಳ ರಾಷ್ಟ್ರೀಯ ಪಂದ್ಯಾವಳಿ ಹೆಚ್ಚುಕಡಿಮೆ ಜೊತೆಯಲ್ಲೇ ಬರುತ್ತವೆ. ಗೆಳೆಯರ ಮಗಳು ರಾಲಿಯ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ, ಅಂದರೆ ನಮ್ಮ ಎನ್‌.ಸಿ. ಸ್ಟೇಟ್‌ನಲ್ಲಿ ಎರಡನೇ ವರ್ಷ ಓದುತ್ತಿದ್ದಾಳೆ. ಎಲೆಯ ಮುಂದೆ ಕೂರುವ ಹೊತ್ತಿಗೆ ಅವಳು ಕೇಳಿದಳು: "ಅಂಕಲ್, ನಮ್ಮ ತಂಡದ ಇಷ್ಟು ವರ್ಷಗಳಲ್ಲಿ ನಿಮಗೆ ಎಲ್ಲರಿಗಿಂತ ಇಷ್ಟವಾದ ಆಟಗಾರ ಯಾರು? ಒಬ್ಬರೇ ಒಬ್ಬರು."

ಅಲ್ಲಿದ್ದವರಲ್ಲಿ ಐದು ಮಂದಿ ಅದೇ ವಿಶ್ವವಿದ್ಯಾಲಯದಲ್ಲಿ ಓದಿದವರು. ಐವರಿಂದ ನಾಲ್ಕು ಉತ್ತರ ಬಂದವು. ನಾನು ಹೇಳಿದ ಲೊರೆಂಜೊ ಚಾರ್ಲ್ಸ್ ಎಂಬ ಹೆಸರಿಗೆ ಮಾತ್ರ "ಯಾರು ಅವರು?" ಎಂಬ ಮರುಪ್ರಶ್ನೆ ಬಂತು. ಅಂದು ಊಟದ ಗದ್ದಲದಲ್ಲಿ ಅರ್ಧಕ್ಕೇ ನಿಂತ ಉತ್ತರವನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಊರಿನಲ್ಲಿರುವ ಗೆಳೆಯರಿಗಾಗಿ ಒಂದೆರಡು ಮಾತು. ರಾಲಿ, ಡರ್ಹಮ್, ಚಾಪೆಲ್ ಹಿಲ್ ಎಂಬ ಮೂರು ಊರುಗಳು ಇಲ್ಲಿ ಒತ್ತೊತ್ತಾಗಿವೆ, ಒಂದರಿಂದ ಇನ್ನೊಂದಕ್ಕೆ ಕಾರಿನಲ್ಲಿ ಸುಮಾರು ಅರ್ಧ ಗಂಟೆ. ಡರ್ಹಮ್‌ನ ಡ್ಯೂಕ್ ಐದು ಸಲ ರಾಷ್ಟ್ರೀಯ ಚಾಂಪಿಯನ್ ಆಗಿದೆ. ಚಾಪೆಲ್ ಹಿಲ್‌ನ ನಾರ್ತ್ ಕೆರೊಲಿನಾ ಆರು ಸಲ. ರಾಲಿಯ ನಾವು ಎರಡೇ ಸಲ, 1974 ಮತ್ತು 1983ರಲ್ಲಿ. ಮೈಕಲ್ ಜೋರ್ಡನ್ ಓದಿದ್ದು ಚಾಪೆಲ್ ಹಿಲ್‌ನಲ್ಲಿ, ಹಾಗಾಗಿ ಹೊರಗಿನವರಿಗೆ ಆ ತಂಡ ಗೊತ್ತು, ನಮ್ಮದು ಗೊತ್ತಿಲ್ಲ. ನಾನು 2003ರಲ್ಲಿ ದಾವಣಗೆರೆಯಿಂದ ಜವಳಿ ತಂತ್ರಜ್ಞಾನದ ಎಂ.ಎಸ್. ಓದಲು ಇಲ್ಲಿಗೆ ಬಂದಾಗ ನನಗೂ ಗೊತ್ತಿರಲಿಲ್ಲ. ಹತ್ತಿ ಗಿರಣಿಗಳ ಊರಿನಿಂದ ಹೊರಟವನಿಗೆ ಬೇಕಾಗಿದ್ದದ್ದು ಜವಳಿ ಕಾಲೇಜು ಒಂದೇ. ಕೆಂಪು ಅಂಗಿಯ ತಂಡವೊಂದು ಜೊತೆಗೆ ಸಿಗುತ್ತದೆ, ಅದು ಜೀವಮಾನವಿಡೀ ಬಿಡುವುದಿಲ್ಲ ಎಂದು ಯಾರೂ ಹೇಳಿರಲಿಲ್ಲ.

ಐವರಲ್ಲಿ ಇಬ್ಬರು ಹೇಳಿದ ಹೆಸರು ಡೇವಿಡ್ ಥಾಂಪ್ಸನ್. ಇದಕ್ಕೆ ಎದುರಾಡುವುದು ಕಷ್ಟ. ಈ ರಾಜ್ಯದ್ದೇ ಶೆಲ್ಬಿ ಕಡೆಯ ಹುಡುಗ, ನಿಂತಲ್ಲಿಂದ 44 ಇಂಚು ನೆಗೆಯುತ್ತಿದ್ದರು ಎಂದು ಪ್ರತೀತಿ, ಅಂಗಿಯ ಸಂಖ್ಯೆಯೂ 44. ಆ ಕಾಲದಲ್ಲಿ ಕಾಲೇಜು ಆಟದಲ್ಲಿ ಡಂಕ್ ಮಾಡುವುದಕ್ಕೆ ನಿಷೇಧವಿತ್ತು. 1967ರಿಂದ 1976ರವರೆಗೆ ಚೆಂಡನ್ನು ರಿಂಗಿನೊಳಗೆ ಬಡಿದು ಹಾಕುವಂತಿರಲಿಲ್ಲ. ಐದಡಿ ಏಳಿಂಚಿನ ಪುಟ್ಟ ಆಟಗಾರ ಮಾಂಟಿ ಟೋವ್ ಚೆಂಡನ್ನು ರಿಂಗಿನ ಪಕ್ಕಕ್ಕೆ ಎತ್ತರವಾಗಿ ಎಸೆಯುತ್ತಿದ್ದರು. ಥಾಂಪ್ಸನ್ ಗಾಳಿಯಲ್ಲೇ ಹಿಡಿದು, ಬಡಿಯದೆ, ಹೂವು ಬಿಡುವ ಹಾಗೆ ಒಳಗೆ ಬಿಡುತ್ತಿದ್ದರು. ಆ ನಿಷೇಧದಿಂದಾಗಿಯೇ ಅವರ ಆಟಕ್ಕೆ ಆ ನಯ ಬಂತೆಂದು ನನಗೆ ಅನ್ನಿಸುತ್ತದೆ. 1975ರಲ್ಲಿ ತವರಿನ ಕೊನೆಯ ಪಂದ್ಯದಲ್ಲಿ ಅವರು ನಿಯಮ ಮುರಿದು ಒಂದು ಡಂಕ್ ಮಾಡಿದರು, ದಂಡವಾಗಿ ಟೆಕ್ನಿಕಲ್ ಫೌಲ್ ಬಿತ್ತು. ಅಂದು ಆ ಅಂಗಣದಲ್ಲಿದ್ದ ಒಬ್ಬನಿಗೂ ಅದರಿಂದ ಬೇಸರವಾಗಿರಲಿಕ್ಕಿಲ್ಲ.

ಅವರು ಆಡಿದ ಮೂರು ವರ್ಷಗಳಲ್ಲಿ ತಂಡ 79 ಪಂದ್ಯ ಗೆದ್ದು ಏಳನ್ನು ಮಾತ್ರ ಸೋತಿತು. 1973ರಲ್ಲಿ 27ಕ್ಕೆ 27 ಗೆದ್ದರೂ, ಥಾಂಪ್ಸನ್ ಅವರನ್ನು ಸೇರಿಸಿಕೊಂಡ ರೀತಿಯಲ್ಲಿ ನಿಯಮ ತಪ್ಪಿದ್ದಕ್ಕಾಗಿ ರಾಷ್ಟ್ರೀಯ ಪಂದ್ಯಾವಳಿಯಿಂದ ತಂಡವನ್ನು ಹೊರಗಿಟ್ಟರು. ಮರುವರ್ಷ ಪಿಟ್ಸ್‌ಬರ್ಗ್ ವಿರುದ್ಧ ಅವರು ನೆಗೆದಾಗ ಕಾಲು ಸಹ ಆಟಗಾರನ ಹೆಗಲಿಗೆ ತಗುಲಿತು. ತಲೆ ನೆಲಕ್ಕೆ ಬಡಿದು ಪ್ರಜ್ಞೆ ತಪ್ಪಿತು. ಸತ್ತೇ ಹೋದರೆಂದು ನಮ್ಮ ತವರಿನ ರೆನಾಲ್ಡ್ಸ್ ಅಂಗಣ ಸ್ತಬ್ಧವಾಯಿತಂತೆ. ಆಸ್ಪತ್ರೆಯಲ್ಲಿ 15 ಹೊಲಿಗೆ ಹಾಕಿಸಿಕೊಂಡು, ತಲೆಗೆ ಬ್ಯಾಂಡೇಜು ಸುತ್ತಿಕೊಂಡು, ಪಂದ್ಯ ಮುಗಿಯುವ ಮೊದಲೇ ಅದೇ ಅಂಗಣಕ್ಕೆ ವಾಪಸು ಬಂದು ಬೆಂಚಿನಲ್ಲಿ ಕೂತರು. ಒಂದು ವಾರದ ನಂತರ ಸೆಮಿಫೈನಲ್‌ನಲ್ಲಿ 28 ಅಂಕ ಗಳಿಸಿದರು. ಎದುರಿಗಿದ್ದದ್ದು ಸತತ ಏಳು ವರ್ಷ ಚಾಂಪಿಯನ್ ಆಗಿದ್ದ, ಕ್ಯಾಲಿಫೋರ್ನಿಯಾದ ಯು.ಸಿ.ಎಲ್‌.ಎ. ಎರಡು ಹೆಚ್ಚುವರಿ ಅವಧಿಗಳ ಆ ಪಂದ್ಯವನ್ನು 80–77ರಿಂದ ಗೆದ್ದು, ಫೈನಲ್‌ನಲ್ಲಿ ಮಾರ್ಕೆಟ್ (Marquette) ವಿಶ್ವವಿದ್ಯಾಲಯದ ತಂಡವನ್ನು ಸೋಲಿಸಿ ತಂಡ ಮೊದಲ ಸಲ ಪಟ್ಟಕ್ಕೇರಿತು. 2009ರಲ್ಲಿ ಜೋರ್ಡನ್ ತಮ್ಮನ್ನು ಹಾಲ್ ಆಫ್ ಫೇಮ್ (ಆಟದ ದಿಗ್ಗಜರ ಗೌರವ ಪಟ್ಟಿ) ವೇದಿಕೆಯಲ್ಲಿ ಪರಿಚಯಿಸಲು ಆರಿಸಿಕೊಂಡದ್ದು ಥಾಂಪ್ಸನ್ ಅವರನ್ನು. ಈಗ ರೆನಾಲ್ಡ್ಸ್ ಮುಂದೆ ಅವರ ಪ್ರತಿಮೆ ನಿಂತಿದೆ.

ಇಷ್ಟೆಲ್ಲ ಇದ್ದೂ ನಾನು ಅವರ ಹೆಸರು ಹೇಳಲಿಲ್ಲ. "ಶ್ರೇಷ್ಠ ಯಾರು?" ಎಂದು ಕೇಳಿದ್ದರೆ ಒಂದು ಕ್ಷಣವೂ ಯೋಚಿಸದೆ ಹೇಳುತ್ತಿದ್ದೆ. ಅವಳು ಕೇಳಿದ್ದು ಇಷ್ಟದವರನ್ನು. ಈ ಎರಡು ಪ್ರಶ್ನೆಗಳನ್ನು ನಾವು ಯಾವಾಗಲೂ ಒಂದೇ ಎಂದುಕೊಂಡು ಉತ್ತರಿಸುತ್ತೇವೆ, ಅದು ನನಗೆ ಒಪ್ಪಿಗೆಯಿಲ್ಲ. ಥಾಂಪ್ಸನ್ ಬಗ್ಗೆ ನನಗಿರುವುದು ಬೆರಗು. ಇಷ್ಟದ ಮಾತು ಬೇರೆ.

ಇನ್ನೊಬ್ಬರು ಹೇಳಿದ್ದು ರಾಡ್ನಿ ಮನ್ರೋ ಮತ್ತು ಕ್ರಿಸ್ ಕೋರ್ಕಿಯಾನಿ ಜೋಡಿ. ಒಂದು ಹೆಸರು ಕೇಳಿದರೆ ಎರಡು ಹೇಳುವಂತಿಲ್ಲ ಎಂದು ಹುಡುಗಿ ಆಕ್ಷೇಪಿಸಿದಳು, ಆದರೆ ಆ ಇಬ್ಬರನ್ನು ಬೇರೆ ಮಾಡಲು ಸಾಧ್ಯವೂ ಇಲ್ಲ. ಮನ್ರೋ ನಮ್ಮ ತಂಡದ ಪರ ಅತಿ ಹೆಚ್ಚು ಅಂಕ ಗಳಿಸಿದವರು, ಅವರ ಕೈಗೆ ಚೆಂಡು ತಲುಪಿಸುತ್ತಿದ್ದ ಕೋರ್ಕಿಯಾನಿ ಕಾಲೇಜು ಆಟದಲ್ಲಿ ಸಾವಿರ ಅಸಿಸ್ಟ್ (ಅಂಕಕ್ಕೆ ದಾರಿಯಾದ ಪಾಸ್) ದಾಟಿದ ಮೊದಲಿಗರು.

ನನ್ನ ವಾರಿಗೆಯವರೊಬ್ಬರು ಜೂಲಿಯಸ್ ಹಾಡ್ಜ್ ಎಂದರು. ಅದರಲ್ಲಿ ನನ್ನದೂ ಪಾಲಿದೆ. ಏವೆಂಟ್ ಫೆರಿ ರಸ್ತೆಯ ಅಪಾರ್ಟ್‌ಮೆಂಟ್‌ನಲ್ಲಿ ನಾವು ನಾಲ್ವರು, ಒಂದು ಹಳೆಯ ಟಿ.ವಿ., ನಿಯಮಗಳೇ ಗೊತ್ತಿಲ್ಲದ ಆಟ. ಪಕ್ಕದ ಮನೆಯ ಹುಡುಗ ಬಂದು ಫೌಲ್ ಎಂದರೇನು, ಮೂರು ಅಂಕದ ಗೆರೆ ಎಲ್ಲಿದೆ ಎಂದು ತಾಳ್ಮೆಯಿಂದ ಕಲಿಸಿದ. ಹಾರ್ಲೆಮ್‌ನಿಂದ ಬಂದ ಹಾಡ್ಜ್ ಸಣಕಲು ಮೈಯ, ನಿಲ್ಲದೆ ಮಾತನಾಡುವ ಆಟಗಾರ. 2004ರಲ್ಲಿ ನಮ್ಮ ವಲಯದ (ಎ.ಸಿ.ಸಿ. ಎಂಬ ಕಾಲೇಜು ತಂಡಗಳ ಗುಂಪಿನ) ವರ್ಷದ ಆಟಗಾರನಾದ ಮೇಲೂ ವೃತ್ತಿಪರ ಆಟಕ್ಕೆ ಹೋಗದೆ ನಾಲ್ಕನೇ ವರ್ಷಕ್ಕೆ ಉಳಿದರು. 2005ರ ಮಾರ್ಚ್‌ನಲ್ಲಿ ಹಾಲಿ ಚಾಂಪಿಯನ್ ಕನೆಕ್ಟಿಕಟ್ ಎದುರು, ಕೊನೆಯ ಕ್ಷಣಗಳಲ್ಲಿ ನುಗ್ಗಿ ಬುಟ್ಟಿಗೆ ಹಾಕಿ, ಫೌಲ್ ಗಿಟ್ಟಿಸಿ, ಅದಕ್ಕೆ ಸಿಗುವ ಅಡ್ಡಿಯಿಲ್ಲದ ಎಸೆತವಾದ ಫ್ರೀ ಥ್ರೋವನ್ನೂ ಹಾಕಿ 65–62ರಿಂದ ಗೆಲ್ಲಿಸಿದರು. ಅಮ್ಮ ಆ ರಾತ್ರಿ ಫೋನ್ ಮಾಡಿದಾಗ ನನ್ನ ಗಂಟಲು ಹೋಗಿತ್ತು, ಶೀತವಾಗಿದೆಯೆಂದುಕೊಂಡು ಕಷಾಯದ ಉಪದೇಶ ಕೊಟ್ಟರು.

ಆದರೂ ನನ್ನ ಉತ್ತರ ಲೊರೆಂಜೊ ಚಾರ್ಲ್ಸ್. ನಾನು ಈ ದೇಶಕ್ಕೆ ಬರುವ 20 ವರ್ಷ ಮೊದಲು ಆಡಿದವರು.

1983ರ ತಂಡ ರಾಷ್ಟ್ರೀಯ ಪಂದ್ಯಾವಳಿಗೆ ಹೋಗುವಾಗಲೇ ಹತ್ತು ಪಂದ್ಯ ಸೋತಿತ್ತು. ದೂರದಿಂದ ಚೆಂಡು ಹಾಕುವ ಡೆರೆಕ್ ವಿಟನ್‌ಬರ್ಗ್ ಜನವರಿಯಲ್ಲಿ ಕಾಲಿನ ಮೂಳೆ ಮುರಿದುಕೊಂಡು ವಾರಗಟ್ಟಲೆ ಹೊರಗಿದ್ದರು. ವಲಯದ ಪಂದ್ಯಾವಳಿ ಗೆಲ್ಲದಿದ್ದರೆ ಮುಂದೆ ದಾರಿಯಿಲ್ಲ ಎಂಬ ಸ್ಥಿತಿಯಲ್ಲಿ ಜೋರ್ಡನ್ ಇದ್ದ ನಾರ್ತ್ ಕೆರೊಲಿನಾವನ್ನೂ, ಏಳಡಿ ಮೀರಿದ ರಾಲ್ಫ್ ಸ್ಯಾಂಪ್ಸನ್ ಇದ್ದ ವರ್ಜೀನಿಯಾವನ್ನೂ ಸೋಲಿಸಿದರು. ಅಲ್ಲಿಂದ ಮುಂದೆ ಹೆಚ್ಚಿನ ಪಂದ್ಯಗಳು ಕೂದಲೆಳೆಯವು. ತರಬೇತುದಾರ ಜಿಮ್ ವಲ್ವಾನೊ ಎದುರಾಳಿಗೆ ಬೇಕೆಂದೇ ಫೌಲ್ ಮಾಡಿಸಿ ಫ್ರೀ ಥ್ರೋಗೆ ನಿಲ್ಲಿಸುತ್ತಿದ್ದರು. ದಣಿದ ಹುಡುಗರು ಒತ್ತಡದಲ್ಲಿ ತಪ್ಪುತ್ತಾರೆ ಎಂಬುದು ಅವರ ಲೆಕ್ಕ.

ಆ ಲೆಕ್ಕದ ಇನ್ನೊಂದು ಬದಿಯಲ್ಲಿದ್ದವರು ಚಾರ್ಲ್ಸ್, ಅದನ್ನು ಹೆಚ್ಚಿನವರು ಮರೆತುಬಿಟ್ಟಿದ್ದಾರೆ. ರಾಷ್ಟ್ರೀಯ ಪಂದ್ಯಾವಳಿಯ ಪ್ರಾದೇಶಿಕ ಫೈನಲ್‌ನಲ್ಲಿ ಮತ್ತೆ ವರ್ಜೀನಿಯಾ. ನಾವು ಒಂದು ಅಂಕ ಹಿಂದೆ, ಉಳಿದಿದ್ದದ್ದು ಅರ್ಧ ನಿಮಿಷಕ್ಕಿಂತ ಕಡಿಮೆ. ಫ್ರೀ ಥ್ರೋ ಗೆರೆಯಲ್ಲಿ ನಿಂತದ್ದು ಬ್ರೂಕ್ಲಿನ್‌ನಿಂದ ಬಂದ, ಎರಡನೇ ವರ್ಷದ ಈ ಹುಡುಗ. ಎರಡನ್ನೂ ಹಾಕಿದರು, 63–62. ಅಲ್ಲಿ ಒಂದು ತಪ್ಪಿದ್ದರೂ ಮುಂದಿನದು ಯಾವುದೂ ನಡೆಯದೆ ಹೋಗಬಹುದಿತ್ತು. ಚಾರ್ಲ್ಸ್ ಅದೃಷ್ಟವಂತ, ಚೆಂಡು ಬಂದು ಕೈಗೆ ಬಿತ್ತು ಎನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುವುದು ಇದಕ್ಕೇ.

ಏಪ್ರಿಲ್ 4, 1983. ಅಲ್ಬುಕರ್ಕಿಯಲ್ಲಿ ಫೈನಲ್. ಹ್ಯೂಸ್ಟನ್ ಸತತ 26 ಪಂದ್ಯ ಗೆದ್ದು ಬಂದಿತ್ತು. ಮುಂದೆ ದೊಡ್ಡ ತಾರೆಗಳಾದ ಹಕೀಮ್ ಒಲಾಜುವನ್, ಕ್ಲೈಡ್ ಡ್ರೆಕ್ಸ್‌ಲರ್ ಇದ್ದ ತಂಡ ಅದು, ನಾವು ಗೆಲ್ಲುತ್ತೇವೆ ಎಂದವರು ವಿರಳ. 52–52ರ ಸಮಬಲ, ಚೆಂಡು ನಮ್ಮ ಕೈಯಲ್ಲಿ. ಎದುರಾಳಿಯ ಕೈ ತಗುಲಿ ಜಾರಲಿದ್ದ ಚೆಂಡನ್ನು ವಿಟನ್‌ಬರ್ಗ್ ಹೇಗೋ ಹಿಡಿದು, ತೀರಾ ದೂರದಿಂದ ಎಸೆದರು. ಚೆಂಡು ರಿಂಗನ್ನು ಮುಟ್ಟುವುದೇ ಇಲ್ಲ. ಅದು ಬೀಳುವಲ್ಲಿ ಚಾರ್ಲ್ಸ್ ಇದ್ದಾರೆ. ಎರಡೂ ಕೈಯಲ್ಲಿ ಹಿಡಿದು ಒಳಗೆ ಬಡಿಯುತ್ತಾರೆ. ಸಮಯ ಮುಗಿಯುತ್ತದೆ, 54–52. ವಲ್ವಾನೊ ಅಪ್ಪಿಕೊಳ್ಳಲು ಯಾರಾದರೂ ಸಿಗುತ್ತಾರೆಯೇ ಎಂದು ಅಂಗಣದ ತುಂಬ ಓಡುವ ದೃಶ್ಯವನ್ನು ಪ್ರತಿ ಮಾರ್ಚ್‌ನಲ್ಲೂ ತೋರಿಸುತ್ತಾರೆ. ಹತ್ತು ವರ್ಷಗಳ ನಂತರ ಕ್ಯಾನ್ಸರ್ ಅವರನ್ನು ತೆಗೆದುಕೊಂಡು ಹೋಯಿತು. ತಾನು ಮಾಡಿದ್ದು ಪಾಸ್ ಎಂದೇ ವಿಟನ್‌ಬರ್ಗ್ ಇಂದಿಗೂ ಸಾಧಿಸುತ್ತಾರೆ. ಹಾಗೆ ಸಾಧಿಸಲು ಅವರಿಗೆ ಪೂರ್ತಿ ಹಕ್ಕಿದೆ.

ಆ ಡಂಕ್ ಆದಾಗ ಚಾರ್ಲ್ಸ್‌ಗೆ 19 ವರ್ಷ. ಮುಂದಿನ ಎರಡು ವರ್ಷ ಪಂದ್ಯಕ್ಕೆ ಸರಾಸರಿ 18 ಅಂಕದಂತೆ ಗಳಿಸಿ ತಂಡವನ್ನು ಹೊತ್ತರು. ವೃತ್ತಿಪರ ಲೀಗ್ ಆದ ಎನ್‌.ಬಿ.ಎ.ಯಲ್ಲಿ ಅಟ್ಲಾಂಟಾ ಪರ ಒಂದೇ ಒಂದು ಋತು ಆಡಿದರು, ಆಮೇಲೆ ಹಲವು ವರ್ಷ ವಿದೇಶಗಳಲ್ಲಿ ಆಡಿದರು. ಆಟ ಮುಗಿದ ಮೇಲೆ ಬಂದು ನೆಲೆಸಿದ್ದು ಇದೇ ರಾಲಿಯ ಸುತ್ತಮುತ್ತ. ಜೀವನಕ್ಕೆ ಬಾಡಿಗೆ ಬಸ್ಸು, ಲಿಮೋಸಿನ್ ಓಡಿಸುತ್ತಿದ್ದರು. ಒಲಾಜುವನ್ ತಲೆಯ ಮೇಲಿನಿಂದ ರಾಷ್ಟ್ರೀಯ ಪಟ್ಟ ಕಿತ್ತು ತಂದವರು ನಮ್ಮ ನಿಮ್ಮ ಜೊತೆ ಅದೇ ರಸ್ತೆಗಳಲ್ಲಿ ಸ್ಟಿಯರಿಂಗ್ ಹಿಡಿದು ಸಾಗುತ್ತಿದ್ದರು. ಅವರ ಬಸ್ಸಿನಲ್ಲಿ ಕೂತವರಲ್ಲಿ ಎಷ್ಟು ಜನರಿಗೆ ಓಡಿಸುತ್ತಿರುವವರು ಯಾರೆಂದು ಗೊತ್ತಿತ್ತೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

2011ರ ಜೂನ್ 27ರಂದು ರಾಲಿಯಲ್ಲಿ ಐ-40 ಹೆದ್ದಾರಿಯಲ್ಲಿ ಅವರು ಓಡಿಸುತ್ತಿದ್ದ ಬಸ್ಸು ಅಪಘಾತಕ್ಕೀಡಾಯಿತು. ಪ್ರಯಾಣಿಕರು ಇರಲಿಲ್ಲ. ಚಾರ್ಲ್ಸ್ ತೀರಿಕೊಂಡರು, 47 ವರ್ಷ. ಮರುದಿನ ಕಚೇರಿಯಲ್ಲಿ ಅರವತ್ತು ದಾಟಿದ ಸಹೋದ್ಯೋಗಿಯೊಬ್ಬರು ಬಾಗಿಲು ಹಾಕಿಕೊಂಡು ಅತ್ತರು. ಆಚೆ ಬಂದು ನನಗೆ 1983ರ ಆ ರಾತ್ರಿ ಹಿಲ್ಸ್‌ಬರೋ ಬೀದಿಯಲ್ಲಿ ತಾವು ಯಾರ ಯಾರ ಹೆಗಲ ಮೇಲೆ ಕೈ ಹಾಕಿ ನಡೆದೆವು ಎಂದು ಹೇಳುತ್ತಾ ಹೋದರು. ಲೊರೆಂಜೊ ನಮ್ಮ ಹುಡುಗ ಎಂದು ಮತ್ತೆ ಮತ್ತೆ ಹೇಳಿದರು. ಆ ಹೆದ್ದಾರಿಯಲ್ಲೇ ನಾನು ದಿನಾ ಕೆಲಸಕ್ಕೆ ಹೋಗುತ್ತೇನೆ. ಅಂದಿನಿಂದ ಆ ಹೆಸರು ನನಗೂ ನಮ್ಮವರ ಹೆಸರಾಯಿತು.

ಹುಡುಗಿಯ ಆಯ್ಕೆಯನ್ನು ಹೇಳಲೇಬೇಕು. ಅವಳದು ಡಿ.ಜೆ. ಬರ್ನ್ಸ್. ಬೇರೆ ಕಾಲೇಜುಗಳಲ್ಲಿದ್ದು ಬಂದು, ನಮ್ಮಲ್ಲಿ ಆಡಿದ್ದು ಎರಡೇ ವರ್ಷ. ಈಗಿನ ಆಟಗಾರರು ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಸುಲಭವಾಗಿ ಹೋಗಬಹುದು, ತಮ್ಮ ಹೆಸರಿನಿಂದ ಹಣವನ್ನೂ ಗಳಿಸಬಹುದು. ಇಂಥವರು ನಮ್ಮವರಾಗುವುದು ಹೇಗೆ ಎಂದು ಹಿರಿಯರೊಬ್ಬರು ಕೊಂಕು ತೆಗೆದರು. ಪ್ರತಿ ನವೆಂಬರ್‌ನಲ್ಲಿ ಹೊಸ ಹೆಸರುಗಳನ್ನು ಕಲಿಯುವುದು ನನಗೂ ನೋವೇ, ಆದರೆ ಬರ್ನ್ಸ್ ವಿಷಯದಲ್ಲಿ ನಾನು ಹುಡುಗಿಯ ಕಡೆ. ದೊಡ್ಡ ಮೈ, ಎಡಗೈ, ಮುಖದ ತುಂಬ ನಗು. 2024ರಲ್ಲಿ ವಲಯದ ಪಂದ್ಯಾವಳಿಗೆ ಮೊದಲು ಸತತ ನಾಲ್ಕು ಸೋತಿದ್ದ ತಂಡ ಐದು ದಿನದಲ್ಲಿ ಐದು ಪಂದ್ಯ ಗೆದ್ದಿತು. ಆಮೇಲೆ ಡ್ಯೂಕ್ ವಿರುದ್ಧ ಬರ್ನ್ಸ್ ಒಬ್ಬರೇ 29 ಅಂಕ ಹಾಕಿ, 1983ರ ನಂತರ ಮೊದಲ ಸಲ ನಮ್ಮನ್ನು ಸೆಮಿಫೈನಲ್‌ಗೆ ಒಯ್ದರು. ಅಲ್ಲಿ ಪರ್ಡ್ಯೂ ಎದುರು ಸೋತದ್ದು ಯುಗಾದಿಗೆ ಮೂರು ದಿನ ಮೊದಲು. ಆ ವರ್ಷದ ಬೇವಿನ ರುಚಿ ನಮಗೆ ಮುಂಚೆಯೇ ಸಿಕ್ಕಿತ್ತು.

ಊಟ ಮುಗಿದ ಮೇಲೆ ಅವಳು ಮೊಬೈಲ್‌ನಲ್ಲಿ 1983ರ ಕೊನೆಯ ಕ್ಷಣಗಳನ್ನು ಹುಡುಕಿ ತೆಗೆದಳು. ಒಂದು ಸಲ ನೋಡಿ, "ಇದು ನೋಡಿದ್ದೇನೆ ಅಂಕಲ್" ಎಂದಳು. ಇನ್ನೊಂದು ಸಲ ನೋಡು, ಆದರೆ ಚೆಂಡನ್ನು ನೋಡಬೇಡ, ರಿಂಗಿನ ಹತ್ತಿರ 43ನೇ ನಂಬರಿನವರನ್ನು ನೋಡು ಎಂದೆ. ಅವಳು ನೋಡಿದಳು. ಹ್ಯೂಸ್ಟನ್‌ನವರ ಕಣ್ಣು ಎಸೆದವರ ಕಡೆಗಿದೆ. ಚಾರ್ಲ್ಸ್ ಒಬ್ಬರೇ ತಲೆಯೆತ್ತಿ, ಚೆಂಡು ಎಲ್ಲಿ ಬಂದು ಬೀಳುತ್ತದೆಂದು ಗೊತ್ತಿದ್ದವರ ಹಾಗೆ ಅಲ್ಲಿಗೆ ಸರಿಯುತ್ತಾರೆ. ಅವಳು ಮಾತಾಡಲಿಲ್ಲ. ಬೆರಳಿನಿಂದ ಹಿಂದಕ್ಕೆ ಸರಿಸಿ ಮತ್ತೆ ನೋಡಿದಳು, ಮತ್ತೆ ನೋಡಿದಳು.