ಬಸ್ಸಿಳಿದು ಬಂಡೆ ಹತ್ತುವವರ ಪರವಾಗಿ

ಬೆಟ್ಟ ಹತ್ತಲು ಕಾರು ಬೇಕು ಅನ್ನುವುದು ಈಚೆಗೆ ಹುಟ್ಟಿಕೊಂಡ ನಂಬಿಕೆ. ಇಂಗ್ಲೆಂಡಿನ ಡೆವನ್ ಸೀಮೆಗೆ ಬಂದು ನೆಲೆಸಿದ ಮೇಲೂ ನಾನು ಕಾರು ಕೊಳ್ಳಲಿಲ್ಲ. ಕೊಳ್ಳಬಾರದು ಅನ್ನುವ ವ್ರತವೇನಿಲ್ಲ, ಬೇಕು ಅನ್ನಿಸಲಿಲ್ಲ ಅಷ್ಟೇ. ಪ್ಲಿಮತ್‌ನಲ್ಲಿ ಬಸ್ ಹತ್ತಿದರೆ ಡಾರ್ಟ್‌ಮೂರ್ ಅಂಚಿಗೆ ತಂದು ಇಳಿಸುತ್ತದೆ. ಆಮೇಲೆ ಕಾಲುಗಳಿವೆ.

ಡಾರ್ಟ್‌ಮೂರ್ 954 ಚದರ ಕಿಲೋಮೀಟರಿನ ರಾಷ್ಟ್ರೀಯ ಉದ್ಯಾನ. 1951ರಲ್ಲಿ ಘೋಷಣೆಯಾದದ್ದು. ಉದ್ಯಾನ ಅಂದ ಕೂಡಲೇ ಆನೆ ಕಾಡು, ಚೆಕ್‌ಪೋಸ್ಟು ಅಂದುಕೊಳ್ಳಬೇಡಿ. ಹುಲ್ಲು, ಜರಿಗಿಡ, ಜೌಗು ನೆಲ, ಕುರಿ, ಕುಳ್ಳ ಕುದುರೆ. ದಿಣ್ಣೆಗಳ ನೆತ್ತಿಯ ಮೇಲೆ ಯಾರೋ ಒಂದರ ಮೇಲೊಂದು ಪೇರಿಸಿಟ್ಟ ಹಾಗೆ ಗ್ರಾನೈಟ್ ಬಂಡೆಗಳು. ರಾಮನಗರ, ಮಧುಗಿರಿ ಕಡೆಯವರಿಗೆ ಇದೇನೂ ಹೊಸ ನೋಟವಲ್ಲ. ವಯಸ್ಸಿನಲ್ಲಂತೂ ನಮ್ಮ ಕಲ್ಲೇ ದೊಡ್ಡದು. ಇಲ್ಲಿನ ಗ್ರಾನೈಟಿಗೆ ಸುಮಾರು 28 ಕೋಟಿ ವರ್ಷ. ರಾಮನಗರದ ಹಳೆಯ ಹೆಸರನ್ನು ಹೊತ್ತ ಕ್ಲೋಸ್‌ಪೇಟ್ ಗ್ರಾನೈಟಿಗೆ ಸುಮಾರು 250 ಕೋಟಿ. ಇಲ್ಲಿನ ಅತಿ ಎತ್ತರದ ಜಾಗ ಹೈ ವಿಲ್‌ಹೇಸ್, 621 ಮೀಟರ್. ಸಾವನದುರ್ಗ 1226. (ಬೆಂಗಳೂರೇ 900 ಮೀಟರ್ ಮೇಲೆ ಕೂತಿದೆ, ಆ ಮಾತು ಬೇರೆ.)

ಬಸ್ಸಿನಲ್ಲೂ ನಾವೇ ಮುಂದೆ. ಆದರೂ ಬಸ್ಸಿಳಿದು ಬೆಟ್ಟಕ್ಕೆ ನಡೆಯುವುದು ಇಲ್ಲಿ ಸಲೀಸು, ನಮ್ಮಲ್ಲಿ ಕಷ್ಟ. ಅದು ನನ್ನನ್ನು ಕೊರೆಯುತ್ತಲೇ ಇರುತ್ತದೆ.

ಒಂದು ನಡಿಗೆ ಹೇಳುತ್ತೇನೆ. ಪ್ಲಿಮತ್‌ನಿಂದ ಟ್ಯಾವಿಸ್ಟಾಕ್‌ಗೆ ಹೋಗುವ ಬಸ್ ಯೆಲ್ವರ್ಟನ್ ಊರಿನ ಮೇಲೇ ಹೋಗುತ್ತದೆ. ಕೊನೆಯವರೆಗೂ ಕೂತು ಟ್ಯಾವಿಸ್ಟಾಕ್‌ನಲ್ಲಿ ಇಳಿಯಿರಿ. ಊರಿನ ಹಿಂದಿನ ಏರು ಹತ್ತಿದರೆ ವಿಚರ್ಚ್ ಬಯಲು. ಅದನ್ನು ದಾಟಿ ಪ್ಯೂ ಟಾರ್ ಬಂಡೆಗಳ ಮೇಲೆ ಕೂತು ಬುತ್ತಿ ಬಿಚ್ಚಬಹುದು. ಅಲ್ಲಿಂದ ಸ್ಯಾಂಪ್‌ಫರ್ಡ್ ಸ್ಪೈನಿ ಅನ್ನುವ ಪುಟ್ಟ ಹಳ್ಳಿಯ ಚರ್ಚಿನ ಪಕ್ಕ ಹಾದು ಇಳಿಯುತ್ತಾ ಹೋದರೆ ಸಂಜೆಗೆ ಯೆಲ್ವರ್ಟನ್. ಬೆಳಿಗ್ಗೆ ಹತ್ತಿದ ಅದೇ ನಂಬರಿನ ಬಸ್ಸು ಅಲ್ಲಿ ಸಿಗುತ್ತದೆ. ಒಂದೂರಿನಲ್ಲಿ ಇಳಿದು ಇನ್ನೊಂದೂರಿನಲ್ಲಿ ಹತ್ತುವ ಈ ಸುಖ ಕಾರಿನವರಿಗಿಲ್ಲ. ಅವರು ಎಷ್ಟು ದೂರ ನಡೆದರೂ ಕಾರು ನಿಲ್ಲಿಸಿದ ಕಡೆಗೇ ವಾಪಸ್ ಬರಬೇಕು. ಹಾಗಾಗಿ ಎಲ್ಲರೂ ಪಾರ್ಕಿಂಗ್ ಪಕ್ಕದ ಒಂದೇ ಬಂಡೆ ಹತ್ತಿ, ಫೋಟೋ ತೆಗೆದು, ಇಳಿದುಬಿಡುತ್ತಾರೆ. ಹೇಟರ್ ಬಂಡೆಯ ಬುಡದಲ್ಲಿ ಭಾನುವಾರ ನಿಂತು ನೋಡಿದರೆ ಗೊತ್ತಾಗುತ್ತದೆ. ನಂದಿಬೆಟ್ಟದ ಭಾನುವಾರಕ್ಕೂ ಅದಕ್ಕೂ ಜಾಸ್ತಿ ವ್ಯತ್ಯಾಸವಿಲ್ಲ.

ಇಲ್ಲಿನ ಬಸ್ಸನ್ನು ಹೊಗಳಲು ನಾನು ಸಿದ್ಧನಿಲ್ಲ. ಟ್ಯಾವಿಸ್ಟಾಕ್ ದಾರಿ ಪುಣ್ಯಕ್ಕೆ ಚೆನ್ನಾಗಿದೆ. ಬಯಲಿನ ಒಳಗಿನ ಊರುಗಳಿಗೆ ಬಸ್ ಅಪರೂಪ. ಕೆಲವು ಬೇಸಿಗೆಯಲ್ಲಿ ಮಾತ್ರ ಓಡುತ್ತವೆ, ಕೆಲವು ಶಾಲೆ ನಡೆಯುವ ದಿನ ಮಾತ್ರ. ವೇಳಾಪಟ್ಟಿಯ ಕೆಳಗಿನ ಸಣ್ಣಕ್ಷರ ಓದದೆ ಹೊರಟರೆ ಕಥೆ ಮುಗಿಯಿತು. ಕಂಡಕ್ಟರ್ ಇರುವುದಿಲ್ಲ, ಡ್ರೈವರೇ ಟಿಕೆಟ್ ಕೊಡುತ್ತಾನೆ. ಸ್ಟಾಪಿನಲ್ಲಿ ನಿಂತು ಕೈ ಮಾಡದಿದ್ದರೆ ಬಸ್ ಹಾಗೇ ಹೋಗಿಬಿಡಬಹುದು. ದರದ ವಿಷಯದಲ್ಲಿ ಸರ್ಕಾರ ಒಂದು ಒಳ್ಳೆ ಕೆಲಸ ಮಾಡಿತು. 2023ರ ಜನವರಿಯಲ್ಲಿ ಇಂಗ್ಲೆಂಡಿನಲ್ಲಿ ಒಂದು ಪ್ರಯಾಣಕ್ಕೆ 2 ಪೌಂಡ್ ಮಿತಿ ಹಾಕಿತು. 2025ರ ಜನವರಿಯಲ್ಲಿ ಅದನ್ನು 3 ಮಾಡಿತು. ರೈಲಿನಲ್ಲೂ ಒಂದು ಸಿಹಿ ಸುದ್ದಿ ಇದೆ. 1972ರಲ್ಲಿ ನಿಂತುಹೋಗಿದ್ದ ಎಕ್ಸೆಟರ್–ಓಕ್‌ಹ್ಯಾಂಪ್ಟನ್ ರೈಲು 2021ರ ನವೆಂಬರಿನಿಂದ ಮತ್ತೆ ದಿನಾ ಓಡುತ್ತಿದೆ. ಓಕ್‌ಹ್ಯಾಂಪ್ಟನ್ ನಿಲ್ದಾಣ ಊರಿನ ಮೇಲ್ಭಾಗದಲ್ಲಿದೆ. ಇಳಿದವರು ನೇರ ಬೆಟ್ಟಕ್ಕೇ ಮುಖ ಮಾಡಬಹುದು. ಆ ಕಡೆ ಸೈನ್ಯದ ಗುಂಡಿನ ಅಭ್ಯಾಸ ನಡೆಯುತ್ತದೆ. ಅದರ ದಿನಗಳನ್ನು ಮೊದಲೇ ಪ್ರಕಟಿಸುತ್ತಾರೆ, ಆ ದಿನ ಗುಡ್ಡಗಳ ಮೇಲೆ ಕೆಂಪು ಬಾವುಟ ಹಾರಿಸುತ್ತಾರೆ. ಬಾವುಟ ಕಂಡರೆ ಬೇರೆ ದಾರಿ ಹಿಡಿಯಬೇಕು, ಅಷ್ಟೇ.

ಹಾಗಾದರೆ ಸಲೀಸು ಯಾಕೆ? ಬಸ್ಸಿಳಿದ ಮೇಲೆ ಎಲ್ಲಿ ಕಾಲಿಡಬಹುದು ಅನ್ನುವುದು ಕಾಗದದ ಮೇಲಿದೆ. 1949ರ ಕಾನೂನು ಕೌಂಟಿಗಳಿಗೆ ಒಂದು ಕೆಲಸ ಹಚ್ಚಿತು: ಜನ ಓಡಾಡುವ ಕಾಲುದಾರಿಗಳನ್ನೆಲ್ಲ ಪತ್ತೆ ಮಾಡಿ ನಕ್ಷೆಯಲ್ಲಿ ಬರೆದಿಡಿ. ಒಮ್ಮೆ ಬರೆದ ಮೇಲೆ ಅದೇ ದಾರಿಗೆ ಸಾಕ್ಷಿ. ದಾರಿ ರೈತನ ಹೊಲದ ನಡುವೆ ಹಾದರೂ, ಅವನ ಕೊಟ್ಟಿಗೆಯ ಮುಂದೆಯೇ ಹಾದರೂ, ನೀವು ನಡೆಯಬಹುದು. ಇಲ್ಲಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡನೆನ್ಸ್ ಸರ್ವೆಯ 25,000ಕ್ಕೆ 1ರ ನಕ್ಷೆ ಕೊಂಡರೆ ಅಂಥ ದಾರಿಗಳೆಲ್ಲ ಹಸಿರು ಗೆರೆಯಲ್ಲಿ ಕಾಣುತ್ತವೆ. ಡಾರ್ಟ್‌ಮೂರ್‌ನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಊರವರು ದನ ಕುರಿ ಮೇಯಿಸುವ ಬಯಲುಗಳಲ್ಲಿ, ದಾರಿ ಇರಲಿ ಬಿಡಲಿ, ಯಾರು ಬೇಕಾದರೂ ನಡೆದಾಡಲು 1985ರ ಕಾನೂನು ಹಕ್ಕು ಕೊಟ್ಟಿದೆ. ಆ ಹಕ್ಕಿನಲ್ಲಿ ಡೇರೆ ಹಾಕಿ ರಾತ್ರಿ ಮಲಗುವುದೂ ಸೇರಿದೆ ಎಂದು 2025ರ ಮೇನಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಜಮೀನಿನ ಮಾಲೀಕರು ಅಲ್ಲಿವರೆಗೂ ಕೇಸು ಎಳೆದಿದ್ದರು.

ಎಲ್ಲವೂ ಸ್ವರ್ಗ ಅಂತಲ್ಲ. ಪ್ಯೂ ಟಾರ್ ಮೇಲಿಂದ ನೋಡಿದರೆ ಹತ್ತಿರದಲ್ಲೇ ವಿಕ್ಸನ್ ಟಾರ್ ಅನ್ನುವ ಭಾರಿ ಬಂಡೆ ಕಾಣುತ್ತದೆ. ಅದು ಖಾಸಗಿ ಜಮೀನು. 2003ರಿಂದ ಬೇಲಿಯಾಚೆ ನಿಂತು ನೋಡುವುದಷ್ಟೇ.

ಈಗ ನಮ್ಮೂರಿಗೆ ಬನ್ನಿ. ಕೋಲಾರದ ಬಸ್ ಸ್ಟ್ಯಾಂಡಿನಿಂದ ಅಂತರಗಂಗೆಗೆ ನಡೆದೇ ಹೋಗಬಹುದು. ಮಧುಗಿರಿಯಲ್ಲಂತೂ ಬೆಟ್ಟದ ಬುಡದಲ್ಲೇ ಊರು. ಮಾಗಡಿ, ರಾಮನಗರ, ದಾಬಸ್‌ಪೇಟೆ ಎಲ್ಲಕ್ಕೂ ಬಸ್ಸಿಗೆ ಬರವಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡೂ ಇಲ್ಲ. ಕಂಡಕ್ಟರ್‌ಗೆ ಒಂದು ಮಾತು ಹೇಳಿದರೆ ಬೆಟ್ಟದ ಕ್ರಾಸಿನಲ್ಲಿ ಸೀಟಿ ಊದಿ ಇಳಿಸುತ್ತಾರೆ. "ಕೊನೇ ಬಸ್ಸು ಎಷ್ಟೊತ್ತಿಗಣ್ಣ?" ಅಂದರೆ ಉತ್ತರದ ಜೊತೆಗೆ ಬುದ್ಧಿವಾದವೂ ಸಿಗುತ್ತದೆ. ಡೆವನ್ನಿನಲ್ಲಿ ಇದು ಯಾವ ದುಡ್ಡಿಗೂ ಸಿಗುವುದಿಲ್ಲ.

ಇಷ್ಟೆಲ್ಲ ಇದ್ದೂ ನಮ್ಮ ಹುಡುಗರು ಮಧ್ಯರಾತ್ರಿ ಟೆಂಪೋ ಟ್ರಾವೆಲರ್ ಹತ್ತಿ, ಬೆಳಗಿನ ಜಾವ ಬೆಟ್ಟದ ಬುಡದಲ್ಲಿ ಇಳಿದು, ಸೂರ್ಯ ಹುಟ್ಟುವುದನ್ನು ನೋಡಿ, ಹನ್ನೊಂದಕ್ಕೆಲ್ಲ ಮನೆ ಸೇರುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ಕ್ರಾಸಿನಲ್ಲಿ ಇಳಿದವನಿಗೆ ಮುಂದೆ ಟಾರು ರಸ್ತೆ ಬಿಟ್ಟರೆ ಬೇರೆ ದಾರಿ ಗೊತ್ತಿಲ್ಲ. ಬದುವಿನ ಮೇಲೆ ನಡೆದರೆ "ಯಾರಪ್ಪಾ ನೀನು, ಏನ್ ಬೇಕಿತ್ತು?" ಅನ್ನುತ್ತಾರೆ. ಕೇಳುವವರ ತಪ್ಪೂ ಅಲ್ಲ, ಅವರ ಹೊಲ. ಹಿಂದೆ ಬಂಡಿ ಓಡಾಡುತ್ತಿದ್ದ ಜಾಗದಲ್ಲಿ ಈಗ ಲೇಔಟಿನ ಕಾಂಪೌಂಡ್ ಇರಬಹುದು, ಇಲ್ಲವೇ ಕ್ವಾರಿಯ ಗೇಟು.

ಆದರೆ ಆ ದಾರಿಗಳು ನಮ್ಮಲ್ಲೂ ಕಾಗದದ ಮೇಲಿವೆ, ಅಲ್ವಾ? ಸರ್ವೆ ಇಲಾಖೆಯ ಗ್ರಾಮ ನಕಾಶೆ ತೆಗೆದು ನೋಡಿ. ಸರ್ವೆ ನಂಬರುಗಳ ನಡುವೆ ಬಂಡಿದಾರಿ, ಕಾಲುದಾರಿಗಳ ಗೆರೆಗಳಿವೆ. ನಕಾಶೆ ಕಂಡ ದಾರಿಯನ್ನು ಯಾರಾದರೂ ಮುಚ್ಚಿದರೆ ಊರಿನವರು ತಹಶೀಲ್ದಾರರ ಹತ್ತಿರ ಹೋಗುತ್ತಾರೆ, ತೆರವು ಮಾಡಿಸುತ್ತಾರೆ. ಡಾರ್ಟ್‌ಮೂರ್ ಬಯಲಿನ ಹಾಗೆ ದನ ಮೇಯಲು ಬಿಟ್ಟ ಗೋಮಾಳವೂ ನಮಗೆ ಹೊಸದಲ್ಲ. ನಾವು ಆ ನಕಾಶೆಯನ್ನು ಜಗಳಕ್ಕೆ ಮಾತ್ರ ಹೊರಗೆ ತೆಗೆಯುತ್ತೇವೆ.

ಬೆಟ್ಟದ ಪ್ರವಾಸೋದ್ಯಮ ಅಂದರೆ ರೋಪ್‌ವೇ, ಇಲ್ಲವೇ ಇನ್ನಷ್ಟು ಪಾರ್ಕಿಂಗ್ ಅನ್ನುವವರಿಗೆ ನನ್ನದೊಂದು ಅಗ್ಗದ ಸಲಹೆ. ಒಂದೇ ಒಂದು ತಾಲ್ಲೂಕು ತೆಗೆದುಕೊಳ್ಳಿ, ಮಾಗಡಿಯೇ ಆಗಲಿ. ಬಸ್ ಸ್ಟಾಪಿನಿಂದ ಸಾವನದುರ್ಗದ ಬುಡಕ್ಕೆ, ಅಲ್ಲಿಂದ ಇನ್ನೊಂದು ಹಳ್ಳಿಯ ಬಸ್ ಸ್ಟಾಪಿಗೆ, ನಕಾಶೆಯಲ್ಲಿ ಇರುವ ದಾರಿಗಳನ್ನು ಜೋಡಿಸಿ. ರೈತರನ್ನು ಕೂರಿಸಿಕೊಂಡು ಮಾತಾಡಿ, ಬೆಳೆ ತುಳಿಯದ ಹಾಗೆ ಬದುವಿನ ಪಕ್ಕ ಗುರುತಿನ ಕಲ್ಲು ನೆಡಿ. ಕಲ್ಲಿಗೆ ನಮ್ಮಲ್ಲಿ ಬಡತನವಿಲ್ಲ. ಎರಡೂ ಸ್ಟಾಪಿನ ಗೋಡೆಯ ಮೇಲೆ ಕೊನೆಯ ಬಸ್ಸಿನ ಹೊತ್ತನ್ನು ದೊಡ್ಡದಾಗಿ ಬರೆಸಿ. ಬಸ್ ಹೇಗೂ ಓಡುತ್ತಿದೆ.