ಬಸ್ಸಿನ ಮಗ ಕಮಿಟ್ ಆದ

ಕಸದ ಡಬ್ಬಿಯನ್ನು ರಸ್ತೆ ಬದಿಗೆ ತಳ್ಳಿ ವಾಪಸ್ ಬರುತ್ತಿದ್ದೆ. ಪಕ್ಕದ ಮನೆಯ ಅಜ್ಜ ಗ್ಯಾರೇಜಿನೊಳಗಿಂದಲೇ ಕೂಗಿದರು.

"ವಿಷಯ ಗೊತ್ತಾಯ್ತಾ? ಬಸ್ಸಿನ ಮಗ ಕಮಿಟ್ ಆದ!"

ನನ್ನ ತಲೆಗೆ ಹೋದದ್ದು ಇಷ್ಟು. ಬಸ್ಸು ಅಂದರೆ ಬಸ್ ಡ್ರೈವರ್ ಇರಬೇಕು. ಅವರ ಮಗ ಕಮಿಟ್ ಆಗಿದ್ದಾನೆ ಅಂದರೆ ಹುಡುಗಿ ಗೊತ್ತಾಗಿದ್ದಾಳೆ. ನಾನು ಹತ್ತು ವರ್ಷ ಬೆಂಗಳೂರಿನಲ್ಲಿ ಕೆಲಸ ಮಾಡಿದವನು. ಅಲ್ಲಿ ಆಫೀಸ್ ಕ್ಯಾಂಟೀನಿನಲ್ಲಿ ಯಾರಾದರೂ "ಅವಳು ಕಮಿಟೆಡ್ ಕಣೋ" ಅಂದರೆ, ಕಾಫಿ ಮುಗಿಸಿ ಸುಮ್ನೆ ಸೀಟಿಗೆ ಹೋಗು ಎಂದರ್ಥ.

"ಅಯ್ಯೋ, ತುಂಬಾ ಸಂತೋಷ. ಹುಡುಗಿ ಯಾರು?" ಎಂದೆ.

ಅಜ್ಜನಿಗೆ ನಗು ತಡೆಯಲಿಲ್ಲ. "ಇನ್ಯಾರು? ಅವರ್ ಲೇಡಿ!" ಎಂದು ತಮ್ಮ ಮನೆಯ ಚಾವಣಿ ಕಡೆ ಕೈ ತೋರಿಸಿದರು.

"ಹುಡುಗ ಏನು ಮಾಡ್ಕೊಂಡಿದ್ದಾನೆ?"

"ಇನ್ನೂ ಹೈಸ್ಕೂಲು."

ಒಳಗೆ ಬಂದು ನನ್ನಾಕೆಗೆ ಹೇಳಿದೆ. ಅಜ್ಜನ ಮೊಮ್ಮಗಳಿಗೆ ಬಸ್ ಡ್ರೈವರ್ ಮಗನ ಜೊತೆ ಗೊತ್ತಾಗಿದೆಯಂತೆ, ಹುಡುಗ ಇನ್ನೂ ಹೈಸ್ಕೂಲಂತೆ, ಅಮೆರಿಕದಲ್ಲೂ ಬಾಲ್ಯವಿವಾಹ ಶುರುವಾಯ್ತು ನೋಡು. ಅವಳು ನನ್ನಷ್ಟು ವಿಚಾರ ಮಾಡುವವಳಲ್ಲ, ಕೆಲಸ ಮಾಡುವವಳು. ಅರ್ಧ ಗಂಟೆಯಲ್ಲಿ ಸ್ಟೀಲ್ ತಟ್ಟೆ ರೆಡಿ. ಅರಿಶಿನ, ಕುಂಕುಮ, ಒಂದು ರವಿಕೆ ಕಣ, ಎರಡು ಬಾಳೆಹಣ್ಣು, ನಡುವೆ ಜುಟ್ಟಿರುವ ತೆಂಗಿನಕಾಯಿ. ಎಲೆ ಅಡಿಕೆ ಮಾತ್ರ ಸಿಗಲಿಲ್ಲ ಎಂದು ಬೇಜಾರು ಮಾಡಿಕೊಂಡಳು. ಇಬ್ಬರೂ ಹೋಗಿ ಬೆಲ್ ಒತ್ತಿದೆವು.

ಅಜ್ಜ ತಟ್ಟೆ ನೋಡಿದರು. ಕುಂಕುಮ ನೋಡಿದರು. ಕಣ ಬಿಡಿಸಿ, ಅದು ಟವೆಲ್ ಇರಬಹುದೇ ಎಂದು ಹಿಂದೆ ಮುಂದೆ ತಿರುಗಿಸಿದರು. ಆಮೇಲೆ ತೆಂಗಿನಕಾಯಿ ಕಣ್ಣಿಗೆ ಬಿತ್ತು. ಮುಖ ಅರಳಿತು. ಅದನ್ನು ಎತ್ತಿ ಎಡಗೈ ಸಂದಿಯಲ್ಲಿ ಸಿಕ್ಕಿಸಿಕೊಂಡು, ಭುಜ ಬಗ್ಗಿಸಿ, ಎಪ್ಪತ್ತು ದಾಟಿದ ಆ ಮನುಷ್ಯ ಅಡುಗೆಮನೆ ಬಾಗಿಲವರೆಗೆ ಧಡಧಡನೆ ನಾಲ್ಕು ಹೆಜ್ಜೆ ಓಡಿದರು. ತಿರುಗಿ ನಿಂತು ಏದುಸಿರು ಬಿಡುತ್ತಾ ಹೇಳಿದರು. "ಬಸ್ ಹೀಗೆ ಓಡ್ತಿದ್ದ!"

ಅವರ ಹೆಂಡತಿ ನಮ್ಮನ್ನು ಸೋಫಾ ಮೇಲೆ ಕೂರಿಸಿ ವಿಷಯ ಬಿಡಿಸಿ ಹೇಳಿದ ಮೇಲೆ, ನನ್ನಾಕೆ ನನ್ನ ಕಡೆ ನೋಡಿದ ನೋಟ ಇದೆಯಲ್ಲ, ಅದನ್ನು ಇಲ್ಲಿ ಬರೆಯುವುದಿಲ್ಲ.

ನಾವಿರುವುದು ಇಂಡಿಯಾನಾ ರಾಜ್ಯದ ಸೌತ್ ಬೆಂಡ್ ಎಂಬ ಊರಿನಲ್ಲಿ. ನನ್ನಾಕೆಗೆ ಇಲ್ಲಿ ಕೆಲಸ ಸಿಕ್ಕಿತು, ನಾನು ಲ್ಯಾಪ್‌ಟಾಪ್ ಹಿಡಿದುಕೊಂಡು ಹಿಂದೆ ಬಂದೆ. ಈ ಊರಿಗೆ ಹೆಸರು ಬಂದಿರುವುದು ನೋಟರ್ ಡೇಮ್ ಯೂನಿವರ್ಸಿಟಿಯಿಂದ. ಹೆಸರು ಫ್ರೆಂಚು, ಅರ್ಥ 'ನಮ್ಮಮ್ಮ', ಅಂದರೆ ಮೇರಿ ತಾಯಿ. ಚಿನ್ನದ ಗೋಪುರದ ತುದಿಯಲ್ಲಿ ಆಕೆಯ ಮೂರ್ತಿ ಇದೆ. ಅಜ್ಜ ಕೈ ತೋರಿಸಿದ್ದು ಚಾವಣಿಗಲ್ಲ, ಅದರಾಚೆಯ ಆ ಗೋಪುರಕ್ಕೆ. ಇನ್ನು 'ದಿ ಬಸ್' ಅಂದರೆ ಜೆರೋಮ್ ಬೆಟ್ಟಿಸ್. 1990ರಿಂದ 1992ರವರೆಗೆ ಇದೇ ಕಾಲೇಜಿನ ಫುಟ್‌ಬಾಲ್ ತಂಡದಲ್ಲಿ ಆಡಿದವರು. ಹತ್ತಿರ ಹತ್ತಿರ 113 ಕೆಜಿ ಮೈ. ಚೆಂಡು ಹಿಡಿದು ಹೊರಟರೆ ಇಬ್ಬರು ಮೂವರು ಜೋತು ಬಿದ್ದರೂ ನಿಲ್ಲುತ್ತಿರಲಿಲ್ಲವಂತೆ. ನಮ್ಮ ಕಡೆ ಬೆಳಗಿನ ಕೆಂಪು ಬಸ್ಸು ಫುಟ್‌ಬೋರ್ಡ್ ಜನರನ್ನು ಹೊತ್ತುಕೊಂಡು ಹೋಗುತ್ತಲ್ಲ, ಹಾಗೆ. ಅವರ ಮಗ ಜೂನಿಯರ್ ಬೆಟ್ಟಿಸ್ ತಾನೂ ಅಪ್ಪನ ಕಾಲೇಜಿಗೇ ಆಡುತ್ತೇನೆ ಎಂದು ಮಾತು ಕೊಟ್ಟಿದ್ದ. ಅದಕ್ಕೆ ಇವರ ಭಾಷೆಯಲ್ಲಿ ಕಮಿಟ್ ಆಗುವುದು ಅನ್ನುತ್ತಾರೆ.

ಫುಟ್‌ಬಾಲ್ ಅಂದೆನಲ್ಲ, ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ. ಇದನ್ನು ಕಂಕುಳಲ್ಲಿ ಇಟ್ಟುಕೊಂಡು ಓಡಬೇಕು. ಕಾಲು ತಾಗಿಸುವುದು ಎಲ್ಲೋ ಅಪರೂಪಕ್ಕೆ. ನಾನು ತಿಪಟೂರಿನವನು. ಅಜ್ಜ ಮೊದಲ ಸಲ ಚೆಂಡನ್ನು ನನ್ನ ಕೈಗೆ ಕೊಟ್ಟಾಗ ಅಭ್ಯಾಸಬಲದಿಂದ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದ್ದೆ, ನೀರಿದೆಯಾ ಅಂತ.

ತಟ್ಟೆ ಪ್ರಸಂಗದ ನಂತರ ನನಗೆ ಆ ಗ್ಯಾರೇಜಿಗೆ ಖಾಯಂ ಆಹ್ವಾನ. ಅಲ್ಲಿ ನಾಲ್ಕು ಮಡಚುವ ಕುರ್ಚಿ, ಒಂದು ಹಳೇ ಫ್ರಿಜ್, ನಾಲ್ಕು ಜನ ಮುದುಕರು. ಗೋಡೆಯ ಮೇಲೆ 1988ರ ಫೋಟೋ. ನೋಟರ್ ಡೇಮ್ ಕಡೇ ಸಲ ದೇಶಕ್ಕೆ ಚಾಂಪಿಯನ್ ಆದ ವರ್ಷ ಅದು. ಅಲ್ಲಿಂದೀಚೆಗೆ ಗೋಡೆಗೆ ಬಣ್ಣ ಹೊಡೆದಿಲ್ಲ, ಫೋಟೋ ತೆಗೆಯಬೇಕಾಗುತ್ತೆ ಅಂತ.

ಹುಡುಗರನ್ನು ಕಾಲೇಜಿಗೆ ಸೇರಿಸಿಕೊಳ್ಳುವ ಪದ್ಧತಿಯನ್ನು ಅವರು ನನಗೆ ಬಹಳ ಕಷ್ಟಪಟ್ಟು ವಿವರಿಸಿದರು. ಎರಡು ನಿಮಿಷ ಕೇಳುತ್ತಲೇ ನನಗೆ ಇದೆಲ್ಲ ಗೊತ್ತಿರುವುದೇ ಅನ್ನಿಸಿತು. ಮೊದಲು ಕೋಚ್ ಹುಡುಗನ ಮನೆಗೆ ಹೋಗುತ್ತಾರೆ. ಸೋಫಾ ಮೇಲೆ ತುದಿಯಲ್ಲಿ ಕೂರುತ್ತಾರೆ. ಅಮ್ಮ ಮಾಡಿದ ತಿಂಡಿಯನ್ನು ಹೊಗಳಿ ತಿನ್ನುತ್ತಾರೆ. ಆಮೇಲೆ ಹುಡುಗ ಕಾಲೇಜು ನೋಡಲು ಬರುತ್ತಾನೆ, ಹೋಗಿ ಬರುವ ಖರ್ಚು ಇವರದು. ಹೊಸ ಬಟ್ಟೆ ಹಾಕಿಸಿ ಫೋಟೋ ತೆಗೆಸುತ್ತಾರೆ. ಒಂದೇ ಹುಡುಗನಿಗೆ ಹತ್ತು ಕಡೆಯಿಂದ ಪ್ರಸ್ತಾಪ ಬಂದಿರುತ್ತೆ. ಅವನು ಒಂದು ಕಡೆ ಹೂಂ ಅಂದರೂ ಅದು ಬರೀ ಮಾತು. ಕಾಗದದ ಮೇಲೆ ಸಹಿ ಬೀಳುವವರೆಗೆ ಯಾವಾಗ ಬೇಕಾದರೂ ಸಂಬಂಧ ಮುರಿಯಬಹುದು. 2021ರಿಂದ ಆಟಗಾರರು ತಮ್ಮ ಹೆಸರಿನ ಮೇಲೆ ದುಡ್ಡು ಮಾಡಿಕೊಳ್ಳುವುದಕ್ಕೂ ಅವಕಾಶ ಇದೆ. ಹಾಗಾಗಿ ಕೊಡುವ ತರುವ ಮಾತುಕತೆಯೂ ಇರುತ್ತೆ. ನಕ್ಷತ್ರವನ್ನೂ ನೋಡುತ್ತಾರೆ! ನಮ್ಮಲ್ಲಿ 27, ಇವರಲ್ಲಿ ಐದೇ. ಐದು ನಕ್ಷತ್ರದ ಹುಡುಗ ಅಂದರೆ ಎಲ್ಲರೂ ಬಾಗಿಲಲ್ಲಿ ನಿಲ್ಲುತ್ತಾರೆ.

"ನಮ್ಮೂರಲ್ಲಿ ಇದಕ್ಕೆ ಹೆಣ್ಣು ನೋಡೋ ಶಾಸ್ತ್ರ ಅಂತಾರೆ" ಎಂದೆ. ಕೋಚ್ ಹುಡುಗನಿಗೆ ಹಾಡು ಹೇಳಲು ಹೇಳುವುದಿಲ್ಲ ಎಂಬುದೊಂದೇ ವ್ಯತ್ಯಾಸ.

ಈ ಮುದುಕರಿಗೆ ಬಸ್ಸಿನ ಮಗನ ಆಟಕ್ಕಿಂತ ಅವನ ಅಪ್ಪ ಮುಖ್ಯ. ಅದರಲ್ಲೂ ಒಂದು ತೊಡಕಿತ್ತು. ಅಪ್ಪ ಬಸ್ಸು, ನುಗ್ಗುವವನು. ಮಗ ವೈಡ್ ರಿಸೀವರ್, ದೂರ ಓಡಿ ಕ್ಯಾಚ್ ಹಿಡಿಯುವವನು. ಬಸ್ಸಿಗೆ ಬೈಕ್ ಹುಟ್ಟಿದ ಹಾಗೆ. ಆದರೂ ಹೋಲಿಕೆ ಹುಡುಕದೆ ಬಿಡಲು ಅವರೇನು ಕಡಿಮೆ ಮುದುಕರೇ? ಫೋನಿನಲ್ಲಿ ಹುಡುಗನ ವಿಡಿಯೋ ಹಾಕಿ, ಅರ್ಧ ನಿಮಿಷದ್ದನ್ನು ಹತ್ತು ಸಲ ನೋಡಿ, ಒಬ್ಬರು ನಡಿಗೆ ಅಪ್ಪಂದೇ ಅಂದರು. ಇನ್ನೊಬ್ಬರು ಇಲ್ಲ, ಭುಜ ಅಂದರು. ಮೂರನೆಯವರು ಕನ್ನಡಕ ಹುಡುಕಿ ತಂದು, ನೀವು ನೋಡುತ್ತಿರುವುದು ಎದುರು ತಂಡದ ಹುಡುಗನನ್ನು ಎಂದರು. ನಮ್ಮಜ್ಜಿ ಬಾಣಂತಿ ಕೋಣೆಯಲ್ಲಿ "ಮೂಗು ಥೇಟ್ ಅವರ ತಾತಂದೇ" ಅನ್ನುತ್ತಿದ್ದದ್ದು ನೆನಪಾಯಿತು. ತಾತನನ್ನು ಅಜ್ಜಿ ನೋಡೇ ಇರಲಿಲ್ಲ.

ನಮಗೂ ಇದು ಹೊಸದಲ್ಲ ಬಿಡಿ. ಸ್ಟುವರ್ಟ್ ಬಿನ್ನಿ ಬ್ಯಾಟ್ ಹಿಡಿದು ಬಂದಾಗಲೆಲ್ಲ ನಮ್ಮ ಚಿಕ್ಕಪ್ಪ ರೋಜರ್ ಬಿನ್ನಿಯ ಬಗ್ಗೆಯೇ ಮಾತಾಡುತ್ತಿದ್ದರು. 1983ರ ವಿಶ್ವಕಪ್, 18 ವಿಕೆಟ್, ಎಲ್ಲರಿಗಿಂತ ಜಾಸ್ತಿ. ಅಷ್ಟು ಹೇಳಿ ಮುಗಿಸುವ ಹೊತ್ತಿಗೆ ಪಾಪ ಮಗ ಔಟಾಗಿ ಒಳಗೆ ಹೋಗಿರುತ್ತಿದ್ದ.

ಬಸ್ಸಿನ ಕಥೆಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಆಟದ್ದಲ್ಲ. ಅವರು ಮೂರನೇ ವರ್ಷಕ್ಕೇ ಕಾಲೇಜು ಬಿಟ್ಟು 1993ರಲ್ಲಿ ದೊಡ್ಡ ಲೀಗಿಗೆ ಹೋದರು. ಡಿಗ್ರಿ ಅರ್ಧಕ್ಕೆ ನಿಂತಿತು. ಮುಗಿಸುತ್ತೇನೆ ಎಂದು ಅಮ್ಮನಿಗೆ ಮಾತು ಕೊಟ್ಟಿದ್ದರಂತೆ. ಆಡಿ, ಗೆದ್ದು, 2006ರಲ್ಲಿ ತಮ್ಮ ಹುಟ್ಟೂರು ಡೆಟ್ರಾಯಿಟ್‌ನಲ್ಲೇ ಆ ಲೀಗಿನ ಫೈನಲ್ ಆದ ಸೂಪರ್ ಬೌಲ್ ಎತ್ತಿ, ಬಸ್ಸಿನ ಕೊನೇ ಸ್ಟಾಪ್ ಇದೇ ಎಂದು ಹೇಳಿ ಇಳಿದರು. ಆಮೇಲೆ ವಾಪಸ್ ಬಂದು ಹುಡುಗರ ಜೊತೆ ಕ್ಲಾಸಿನಲ್ಲಿ ಕೂತು 2022ರಲ್ಲಿ, 50ನೇ ವಯಸ್ಸಿಗೆ, ಡಿಗ್ರಿ ಮುಗಿಸಿದರು. ನಾಲ್ಕು ಬ್ಯಾಕ್ ಉಳಿಸಿಕೊಂಡಿರುವ ನನ್ನ ತಮ್ಮನಿಗೆ ಆ ರಾತ್ರಿಯೇ ಫೋನ್ ಮಾಡಿ ಇದನ್ನು ಹೇಳಿದೆ. ಅವನು "ಹಾಗಾದ್ರೆ ನಂಗಿನ್ನೂ ಹದಿನೈದು ವರ್ಷ ಟೈಮಿದೆ" ಅಂದ. ಮಗ 2025ರಲ್ಲಿ ಸೇರುವವನು. ಅಂದರೆ ಅಪ್ಪ ಮಗನಿಗೆ ಬರೀ ಮೂರು ವರ್ಷದ ಸೀನಿಯರ್.

ಆದರೆ ಗ್ಯಾರೇಜಿನಲ್ಲಿ ಯಾವ ಕಥೆ ಎಲ್ಲಿಂದ ಶುರುವಾದರೂ ಕೊನೆಗೆ ಬಂದು ನಿಲ್ಲುವುದು 1992ರ ನವೆಂಬರ್ 14ಕ್ಕೆ. ಸ್ನೋ ಬೌಲ್ ಎಂದು ಹೆಸರಾದ ಆಟ. ಎದುರಿಗೆ ಪೆನ್ ಸ್ಟೇಟ್ ಯೂನಿವರ್ಸಿಟಿ ತಂಡ. ಹಿಮ ಸುರಿಯುತ್ತಿದೆ. ನೋಟರ್ ಡೇಮ್ 16-9ರಲ್ಲಿ ಹಿಂದೆ. ಕೆಲವೇ ಸೆಕೆಂಡ್ ಉಳಿದಿದೆ, ಕೊನೇ ಅವಕಾಶ. ರಿಕ್ ಮಿರರ್ ಎಸೆದ ಚೆಂಡನ್ನು ಬಸ್ ಹಿಡಿದು ಗೆರೆ ದಾಟುತ್ತಾರೆ. 16-15. ಈಗ ಸುಮ್ನೆ ಒಂದು ಒದ್ದರೆ ಆಟ ಸಮ. ಆಗ ಕಾಲೇಜು ಆಟದಲ್ಲಿ ಓವರ್‌ಟೈಮ್ ಇರಲಿಲ್ಲ, ಎಲ್ಲರೂ ಮನೆಗೆ ಹೋಗಬಹುದಿತ್ತು. ಕೋಚ್ ಲೂ ಹೋಲ್ಟ್ಸ್ ಒದೆಯಲು ಬಿಡಲಿಲ್ಲ. ಒದೆಯುವ ಬದಲು ಚೆಂಡನ್ನು ಇನ್ನೊಮ್ಮೆ ಗೆರೆ ದಾಟಿಸಿದರೆ ಎರಡು ಪಾಯಿಂಟು, ಅದಕ್ಕೇ ಹೋದರು. ರೆಜ್ಜಿ ಬ್ರೂಕ್ಸ್ ಮೂಲೆಯಲ್ಲಿ ಉದ್ದಕ್ಕೆ ಹಾರಿ ಹಿಡಿದ. 17-16.

ಈ ಜಾಗಕ್ಕೆ ಬಂದಾಗ ಅಜ್ಜನ ಕೈ ತಾನಾಗಿಯೇ ಎಡಗೆನ್ನೆಗೆ ಹೋಗುತ್ತಿತ್ತು. "ಈ ಕೆನ್ನೆ ಪೂರ್ತಿ ಮರಗಟ್ಟಿತ್ತು. ಮುಟ್ಟಿದರೆ ಗೊತ್ತಾಗ್ತಿರಲಿಲ್ಲ. ಕೂಗೋಣ ಅಂದ್ರೆ ಬಾಯಿ ತೆರೆಯೋಕೆ ಆಗ್ತಿರಲಿಲ್ಲ. ಅಷ್ಟು ಚಳಿ." ಪ್ರತಿ ಸಲವೂ ಅದೇ ಕೆನ್ನೆ. ಆ ಕಾಲಕ್ಕೆ ಸ್ಟೇಡಿಯಂನಲ್ಲಿ ಇದ್ದದ್ದು 59,075 ಸೀಟು. ಈ ಊರಿನಲ್ಲಿ ಆವತ್ತು ನಾನಲ್ಲಿರಲಿಲ್ಲ ಎಂದವರನ್ನು ನಾನಿನ್ನೂ ನೋಡಿಲ್ಲ.

ಒಂದು ದಿನ ಅಜ್ಜ ಕೇಳಿದರು. "ನಿಮ್ಮ ಕಡೆ ಅಂಥ ಆಟ ಯಾವುದೂ ಇಲ್ವಾ?"

ಇಲ್ಲ ಅನ್ನಲು ನಾನೇನು ಊರಿಲ್ಲದವನೇ? 1996ರ ಮಾರ್ಚ್ 9, ಬೆಂಗಳೂರಿನ ಚಿನ್ನಸ್ವಾಮಿ, ಕ್ವಾರ್ಟರ್ ಫೈನಲ್, ಪಾಕಿಸ್ತಾನ. ಆಮಿರ್ ಸೊಹೈಲ್ ಫೋರ್ ಹೊಡೆದು, ಬ್ಯಾಟಿನಲ್ಲಿ ಬೌಂಡರಿ ತೋರಿಸಿ, ಮುಂದಿನದೂ ಅಲ್ಲಿಗೇ ಎಂಬಂತೆ ನಮ್ಮ ವೆಂಕಟೇಶ್ ಪ್ರಸಾದರನ್ನು ಕೆಣಕಿದ್ದು. ಮುಂದಿನ ಬಾಲಿಗೇ ಆಫ್ ಸ್ಟಂಪ್ ಉರುಳಿದ್ದು. ಪೊರಕೆ ಕಡ್ಡಿ ಸ್ಟಂಪ್ ಮಾಡಿ, ಅಜ್ಜನ ಚೆಂಡನ್ನೇ ಎಸೆದು ತೋರಿಸಿದೆ. ಮುದುಕರು ಎದ್ದು ನಿಂತು ಚಪ್ಪಾಳೆ ಹೊಡೆದರು.

"ನೀವು ಅಲ್ಲೇ ಇದ್ರಾ?"

"ಇದ್ದೆ" ಎಂದೆ. ಬಾಯಿಂದ ಬಂದುಬಿಟ್ಟಿತು. ಬಂದ ಮೇಲೆ ಅದಕ್ಕೆ ಸ್ವಲ್ಪ ಮೈಕೈ ತುಂಬಿಸಿದೆ. ಎಷ್ಟನೇ ಸಾಲು, ಪಕ್ಕದಲ್ಲಿ ಯಾರು, ಯಾರ ಟೋಪಿ ಹಾರಿತು.

2024ರ ಡಿಸೆಂಬರ್ 4. ಹುಡುಗರು ಸಹಿ ಹಾಕುವ ದಿನ. ಹಿಂದೆಲ್ಲ ಆ ಕಾಗದ ಫ್ಯಾಕ್ಸಿನಲ್ಲಿ ಬರುತ್ತಿತ್ತಂತೆ. ಸಂಜೆ ಗ್ಯಾರೇಜಿನಲ್ಲಿ ಹೀಟರ್ ಹಚ್ಚಿ ಪಾರ್ಟಿ. ನನ್ನಾಕೆ ಒಂದು ದೊಡ್ಡ ಡಬ್ಬಿ ಕೋಡುಬಳೆ ಮಾಡಿದ್ದಳು. ಮುದುಕರು ಬೆರಳಿಗೊಂದರಂತೆ ಉಂಗುರ ತೊಟ್ಟು ಬಿಯರಿನ ಜೊತೆ ಕಡಿಯುತ್ತಿದ್ದರು. ನಾನೂ ಈ ಸಲ ಓದಿಕೊಂಡು ಹೋಗಿದ್ದೆ. ಬಸ್ಸಿನ ಮಗನಿಗಿಂತ ಒಂದು ವರ್ಷ ಮೊದಲೇ ಇನ್ನೊಬ್ಬ ಹಳೇ ಆಟಗಾರ ಬ್ರಯಂಟ್ ಯಂಗ್ ಅವರ ಮಗನೂ ಇಲ್ಲಿಗೇ ಸೇರಿದ್ದ. ಹೆಸರು ಬ್ರೈಸ್ ಯಂಗ್. ರಾತ್ರಿ ಕೂತು ಗೂಗಲ್ ಮಾಡಿದ್ದೆ.

"ಬ್ರೈಸ್ ಯಂಗ್ ಸಿಕ್ಕಿದ್ದು ನಿಮ್ಮ ಪುಣ್ಯ" ಎಂದು ಎಲ್ಲರಿಗೂ ಕೇಳಿಸುವಂತೆ ಹೇಳಿದೆ. "ಹೈಸ್ಮನ್ ಟ್ರೋಫಿ ಗೆದ್ದ ಹುಡುಗ!"

ಗ್ಯಾರೇಜು ನಿಶ್ಶಬ್ದವಾಯಿತು. ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಆ ಹೈಸ್ಮನ್ ಗೆದ್ದ ಬ್ರೈಸ್ ಯಂಗ್ ಬೇರೆ. ಅವನು ಅಲಬಾಮಾ ಯೂನಿವರ್ಸಿಟಿಗೆ ಆಡಿದವನು, ಕಾಲೇಜು ಬಿಟ್ಟು ಆಗಲೇ ದೊಡ್ಡ ಲೀಗಿನ ಕ್ಯಾರೊಲಿನಾ ತಂಡದಲ್ಲಿ ಸಂಬಳ ತಗೊಳ್ಳುತ್ತಿದ್ದ. ತಿಪಟೂರಿನಲ್ಲಿ ಒಂದು ಬೀದಿಗೆ ಮೂರು ಮಂಜುನಾಥ ಇರುತ್ತಾರೆ ಎಂದು ಗೊತ್ತಿದ್ದೂ ನಾನು ಈ ತಪ್ಪು ಮಾಡಬಾರದಿತ್ತು.

ನನ್ನ ಮಾನ ಉಳಿಸಲೋ ಏನೋ, ಅಜ್ಜ ಸ್ನೋ ಬೌಲ್ ಶುರು ಮಾಡಿದರು. ನನ್ನಾಕೆ ಅದನ್ನು ಕೇಳಿರಲಿಲ್ಲ. ಹಿಮ ಸುರಿಯಿತು, ಬಸ್ ಹಿಡಿದರು, ಬ್ರೂಕ್ಸ್ ಹಾರಿದ. ಅಜ್ಜನ ಕೈ ಎಡಗೆನ್ನೆಗೆ ಹೋಯಿತು. "ಈ ಕೆನ್ನೆ ಪೂರ್ತಿ..."

"ಮರಗಟ್ಟದೆ ಇನ್ನೇನು?" ಅಡುಗೆಮನೆಯಿಂದ ಟ್ರೇ ಹಿಡಿದು ಬಂದ ಅಜ್ಜಿ ಹೇಳಿದರು. "ಹಿಂದಿನ ದಿನ ದವಡೆ ಹಲ್ಲು ಕೀಳಿಸಿಕೊಂಡಿದ್ರು. ಆಟ ಪೂರ್ತಿ ಸೋಫಾ ಮೇಲೆ ಮಲಗಿ ಟೀವಿ ನೋಡಿದ್ದು. ಐಸ್ ಚೀಲ ಬದಲಾಯಿಸಿ ಬದಲಾಯಿಸಿ ನನ್ನ ಕೈ ಮರಗಟ್ಟಿತ್ತು."

ಮೂವರು ಮುದುಕರು ಹೊಟ್ಟೆ ಹಿಡಿದು ನಕ್ಕರು. ಆದರೆ ಆವತ್ತು ನಾನಂತೂ ಸ್ಟೇಡಿಯಂನಲ್ಲಿದ್ದೆ ಎಂದು ಅವರಲ್ಲಿ ಒಬ್ಬರೂ ಹೇಳಲಿಲ್ಲ. ಅಜ್ಜ ಕೋಡುಬಳೆಯೊಂದನ್ನು ಬೆರಳಿನಲ್ಲಿ ತಿರುಗಿಸುತ್ತಾ ನನ್ನ ಕಡೆ ತಿರುಗಿದರು.

"ಇವರನ್ನು ಕೇಳಿ. ಇವರು ನಿಜವಾಗಿ ಅಲ್ಲಿದ್ದವರು. ಬೆಂಗಳೂರಲ್ಲಿ, 1996ರಲ್ಲಿ."

ನನ್ನಾಕೆ ತಲೆಯೆತ್ತಿದಳು. ಅವಳು ನನ್ನ ಚಿಕ್ಕಪ್ಪನ ಮನೆಯ ಪಕ್ಕದ ಮನೆಯವಳು.

"ರೀ," ಎಂದಳು ಕನ್ನಡದಲ್ಲಿ, "ಆವತ್ತು ಸೊಹೈಲ್ ಔಟಾಗೋ ಹೊತ್ತಿಗೆ ತಿಪಟೂರಲ್ಲಿ ಕರೆಂಟ್ ಹೋಗಿತ್ತಲ್ವಾ?"

ಅಜ್ಜ ಕುತೂಹಲದಿಂದ ಮುಂದೆ ಬಾಗಿದರು. "ಏನಂತಾರೆ ಇವರು?"

"ಇನ್ನೊಂದು ಕೋಡುಬಳೆ ತಗೊಳ್ಳಿ ಅಂತಿದ್ದಾಳೆ" ಎಂದು ಡಬ್ಬಿ ಅವರ ಕಡೆ ತಳ್ಳಿದೆ.