ಲ್ಯಾಪ್‌ಟಾಪಿನಲ್ಲಿ ಪದ್ಮ ಯಾರು?

ನಮ್ಮ ಕಡೆ ಹೊಸಬರು ಯಾರಾದರೂ ಸಿಕ್ಕಿದರೆ ಎರಡೇ ಪ್ರಶ್ನೆ. ಮನೆ ಎಲ್ಲಿ ಆಯಿತು? ಯಾರ ಪೈಕಿ? ಇಷ್ಟಕ್ಕೆ ಉತ್ತರ ಸಿಕ್ಕಿದರೆ ಸಾಕು, ಅಜ್ಜನ ಕಾಲದ ಗದ್ದೆ ವ್ಯಾಜ್ಯದಿಂದ ಹಿಡಿದು ಮುಂಬಯಿ ಮಾವನ ಹೋಟೆಲಿನವರೆಗೆ ಎಲ್ಲವೂ ಹೊರಗೆ ಬರುತ್ತದೆ. ಉಡುಪಿ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹೆಂಗಸು ಮಂಗಳೂರು ಬಿಟ್ಟು ಮೂಲ್ಕಿ ಮುಟ್ಟುವುದರೊಳಗೆ ನಿಮ್ಮ ಪೂರ್ತಿ ಗುರುತು ಪತ್ತೆ ಮಾಡಿರುತ್ತಾರೆ.

ಹೊಸ ಲ್ಯಾಪ್‌ಟಾಪಿಗೆ ಮಾತ್ರ ಇದು ಸಾಲುವುದಿಲ್ಲ. ಅರ್ಧ ಲಕ್ಷ ಎಣಿಸಿ ಕೊಟ್ಟವರು ನೀವು. ಬಿಲ್ಲು ನಿಮ್ಮ ಹೆಸರಲ್ಲಿ. ಮೇಜು ನಿಮ್ಮದು, ಕರೆಂಟೂ ನಿಮ್ಮದು. ಮುಚ್ಚಳ ತೆಗೆದ ಕೂಡಲೇ ಅದು ಶುರು ಮಾಡುತ್ತದೆ. ದೇಶ ಯಾವುದು? ಸರಿ, ಕೇಳಲಿ. ಕೀಬೋರ್ಡ್ ಯಾವ ಭಾಷೆಯದ್ದು? ಅದೂ ಸರಿ. ಇಂಟರ್ನೆಟ್ ಕೊಡಿ. ಕೊಟ್ಟೆವು. ಈಗ ಅಮೆರಿಕದ ರೆಡ್‌ಮಂಡಿನಲ್ಲಿರುವ ಮೈಕ್ರೋಸಾಫ್ಟಿಗೆ ನಿಮ್ಮ ಪರಿಚಯ ಹೇಳಿಕೊಳ್ಳಿ. ಅವರು ಹೂಂ ಅಂದ ಮೇಲೆ ನಿಮ್ಮ ಮನೆಯ ಮೇಜಿನ ಮೇಲಿರುವ ನಿಮ್ಮ ಯಂತ್ರದೊಳಗೆ ನೀವು ಹೋಗಬಹುದು.

2021ರ ಅಕ್ಟೋಬರಿನಲ್ಲಿ ವಿಂಡೋಸ್ 11 ಬಂದಾಗಲೇ ಹೋಮ್ ಆವೃತ್ತಿಗೆ ಈ ನಿಯಮ ಬಂತು. ಮರುವರ್ಷ ಪ್ರೊ ಆವೃತ್ತಿಗೂ ತಗುಲಿಕೊಂಡಿತು. ಹಳೆಯ ವಿಂಡೋಸ್ 10ರಲ್ಲಿ ಹೇಗೋ ಕಾಲ ಹಾಕುತ್ತಿದ್ದವರಿಗೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿಯಿತು ಅಂತ ಹೇಳಿಯಾಯಿತು. ಈಗ ಎಲ್ಲರೂ ಒಂದೇ ಸಾಲಿನಲ್ಲಿ ನಿಂತು ಪರಿಚಯ ಹೇಳಬೇಕು.

ಈ ನಿಯಮ ಮಾಡಿದವರು ನಮ್ಮ ಆಟಿ ತಿಂಗಳಿನ ಮಳೆ ನೋಡಿದವರಲ್ಲ. ಆಟಿಯಲ್ಲಿ ಒಂದು ಮರ ಬಿದ್ದರೆ ಕರೆಂಟು ಹೋಗುತ್ತದೆ, ಇನ್ನೊಂದು ಮರ ಬಿದ್ದರೆ ಕೇಬಲ್ ಹೋಗುತ್ತದೆ. ಹೊಸ ಲ್ಯಾಪ್‌ಟಾಪ್ ಆಗ ‘ನೆಟ್‌ವರ್ಕ್ ಆರಿಸಿ’ ಅಂತ ಹೇಳಿ ಕೂತಿರುತ್ತದೆ. ಆರಿಸಲು ಎಂತ ಉಂಟು ಅಲ್ಲಿ? ಇನ್ನು ಹಳೆಯ ಯಂತ್ರಕ್ಕೆ ಹೊಸದಾಗಿ ವಿಂಡೋಸ್ ಹಾಕಿಸಿದವರ ಕಥೆ ಬೇರೆ. ಕೆಲವು ಯಂತ್ರಗಳಲ್ಲಿ ವೈಫೈ ನಡೆಸುವ ತಂತ್ರಾಂಶ, ಅಂದರೆ ಡ್ರೈವರೇ ಇರುವುದಿಲ್ಲ. ಡ್ರೈವರ್ ಬೇಕಾದರೆ ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಿ. ಇಂಟರ್ನೆಟ್ ಬೇಕಾದರೆ ಮೊದಲು ಡ್ರೈವರ್ ಹಾಕಿ.

ಒಂದು ಕಾಲವಿತ್ತು. ಕಂಪ್ಯೂಟರ್ ಕ್ಲಾಸಿಗೆ ಚಪ್ಪಲಿ ಹೊರಗೆ ಬಿಟ್ಟು ಹೋಗುತ್ತಿದ್ದ ಕಾಲ. ಆಗ ವಿಂಡೋಸ್ 98 ಕೂಡ ಪಾಸ್‌ವರ್ಡ್ ಕೇಳುತ್ತಿತ್ತು, ಆದರೆ ಪಕ್ಕದಲ್ಲೇ ‘ಕ್ಯಾನ್ಸಲ್’ ಎನ್ನುವ ಗುಂಡಿ ಇತ್ತು. ಅದನ್ನು ಒತ್ತಿದರೆ ಸೀದಾ ಒಳಗೆ. ಭದ್ರತೆಯ ದೃಷ್ಟಿಯಿಂದ ಅದೊಂದು ತಮಾಷೆ, ಒಪ್ಪಿದೆ. ಆದರೆ ಮರ್ಯಾದೆ ಇತ್ತು ಮಾರಾಯ್ರೆ. ಬೇಡ ಅಂದರೆ ಬೇಡ ಅಂತ ಕೇಳುತ್ತಿತ್ತು.

ಈಗಿನ ವಿಂಡೋಸಿಗೆ ಬೇಡ ಅನ್ನುವುದು ಹೇಗೆ ಅಂತ ಲೋಕವೇ ತಲೆ ಕೆಡಿಸಿಕೊಂಡಿತು. ಯಾರೋ ಪುಣ್ಯಾತ್ಮರು ಒಂದು ಉಪಾಯ ಕಂಡುಹಿಡಿದರು. ಇಮೇಲ್ ಕೇಳಿದ ಜಾಗದಲ್ಲಿ ‘ನೋ ಅಟ್ ಥ್ಯಾಂಕ್ಯೂ ಡಾಟ್ ಕಾಮ್’ ಅಂತ ಹಾಕಿ ಬಾಯಿಗೆ ಬಂದ ಪಾಸ್‌ವರ್ಡ್ ಕೊಡುವುದು. ಯಂತ್ರ ಗಲಿಬಿಲಿಯಾಗಿ, ಏನೋ ತಪ್ಪಾಯಿತು ಅಂತ ಹೇಳಿ, ಇಮೇಲ್ ಬೇಡದ, ಆ ಯಂತ್ರಕ್ಕೆ ಮಾತ್ರ ಸೇರಿದ ಲೋಕಲ್ ಅಕೌಂಟ್ ಮಾಡಲು ಬಿಡುತ್ತಿತ್ತು. ಇಷ್ಟು ವಿನಯದಿಂದ ಜಗತ್ತಿನಲ್ಲಿ ಯಾರೂ ಬೀಗ ಒಡೆದದ್ದಿಲ್ಲ. ಸ್ವಲ್ಪ ಸಮಯ ನಡೆಯಿತು, ಆಮೇಲೆ ಅದನ್ನೂ ಮುಚ್ಚಿದರು. ಶಿಫ್ಟ್ ಮತ್ತು ಎಫ್10 ಒಟ್ಟಿಗೆ ಒತ್ತಿ, ಕಪ್ಪು ಪರದೆಯಲ್ಲಿ ‘ಬೈಪಾಸ್ ಎನ್‌ಆರ್‌ಒ’ ಅಂತ ಬಡಿಯುವುದು ಇನ್ನೊಂದು ದಾರಿ. ಅದನ್ನು 2025ರ ಮಾರ್ಚಿನಲ್ಲಿ ಪರೀಕ್ಷಾ ಆವೃತ್ತಿಯಿಂದ ತೆಗೆದರು. ಅಕ್ಟೋಬರಿನಲ್ಲಿ ಉಳಿದ ಕಳ್ಳದಾರಿಗಳಿಗೂ ಬೇಲಿ ಹಾಕಲು ಹೊರಟರು. ಪ್ರೊ ಆವೃತ್ತಿ ಇದ್ದವರಿಗೆ ಒಂದು ಸಭ್ಯ ದಾರಿ ಉಂಟು: ಇದು ಮನೆಯದ್ದಲ್ಲ, ಆಫೀಸಿನದ್ದು ಅಂತ ಹೇಳಿ ‘ಡೊಮೇನ್ ಜಾಯಿನ್’ ಆರಿಸಿಕೊಳ್ಳುವುದು. ಅಂದರೆ ಸುಳ್ಳು ಹೇಳಿದವರಿಗೆ ಒಳಗೆ ಜಾಗ. ನಿಜ ಹೇಳಿದವರು ಇಮೇಲ್ ಕೊಡಬೇಕು.

ಇಷ್ಟೆಲ್ಲ ಪಡಿಪಾಟಲು ಯಾರಿಗೆ ಬೇಕು ಅಂತ ನಮ್ಮವರು ಲ್ಯಾಪ್‌ಟಾಪನ್ನು ಅಂಗಡಿಯಲ್ಲೇ ರೆಡಿ ಮಾಡಿಸಿಕೊಂಡು ಬರುತ್ತಾರೆ. ಮಂಗಳೂರಿನ ಹಂಪನಕಟ್ಟೆಯ ಸುತ್ತಮುತ್ತ ಇಂಥ ಅಂಗಡಿಗಳಿಗೆ ಬರವಿಲ್ಲ. ಹುಡುಗ ಕೇಳುತ್ತಾನೆ, “ಸರ್, ಇಮೇಲ್ ಉಂಟಾ?” “ಇದ್ದದ್ದು ಮಗಳಿಗೆ ಗೊತ್ತು.” “ಆಯ್ತು ಸರ್, ನಾನೇ ಒಂದು ಮಾಡಿಕೊಡ್ತೇನೆ.” ಐದು ನಿಮಿಷದಲ್ಲಿ ಅಕೌಂಟ್ ತಯಾರು. ಪಾಸ್‌ವರ್ಡ್ ಹುಡುಗನದ್ದು. ಫೋನ್ ನಂಬರ್ ಹುಡುಗನದ್ದು. ಲ್ಯಾಪ್‌ಟಾಪ್ ಮಾತ್ರ ನಿಮ್ಮದು.

ಮನೆಗೆ ಬಂದ ಮೇಲೆ ನಿಜವಾದ ಮಜಾ. ಮೈಕ್ರೋಸಾಫ್ಟ್ ಅಕೌಂಟಿನಿಂದ ಒಳಗೆ ಹೋದರೆ ವಿಂಡೋಸ್ ನಿಮ್ಮ ಇಮೇಲಿನ ಮೊದಲ ಐದು ಅಕ್ಷರ ಕತ್ತರಿಸಿ, ಅದೇ ಹೆಸರಿನಲ್ಲಿ ನಿಮ್ಮ ಫೋಲ್ಡರ್ ಮಾಡುತ್ತದೆ. ಐದೇ ಇಂಗ್ಲಿಷ್ ಅಕ್ಷರ. ಜಾನ್, ಡೇವಿಡ್ ಅಂತ ಹೆಸರಿದ್ದ ಊರಿನಲ್ಲಿ ಇದು ಸರಿ ಹೋದೀತು. ನಮ್ಮದು ದೊಡ್ಡ ಹೆಸರುಗಳ ಊರು. ಗಂಗಾಧರರು ಗಂಗಾ ಆಗುತ್ತಾರೆ. ಸೀತಾರಾಮರು ಸಿತಾರ್ ಆಗಿ ಮೂಲೆಯಲ್ಲಿ ಕೂರುತ್ತಾರೆ. ಹೆಸರು ಪದ್ಮನಾಭ ಅಂತ ಇದ್ದರೆ ಮುಗಿಯಿತು. ಅರವತ್ತು ದಾಟಿದ, ಮೀಸೆ ಇರುವ, ಬ್ಯಾಂಕಿನಿಂದ ನಿವೃತ್ತರಾದ ಪದ್ಮನಾಭರ ಮನೆಯಲ್ಲಿ ಏನಾಗಬಹುದು ಅಂತ ಸುಮ್ನೆ ಊಹಿಸಿ. ಹೆಂಡತಿ ಫೋಟೋ ಹುಡುಕಲು ಸಿ ಡ್ರೈವ್ ತೆರೆಯುತ್ತಾರೆ.

“ಇದ್ಯಾರು ಪದ್ಮ?”

“ಅದು ನಾನೇ ಮಾರಾಯ್ತಿ.”

“ನಿಮ್ಮ ಹೆಸರು ನಂಗೆ ಗೊತ್ತಿಲ್ವಾ? ಪದ್ಮನ ಹತ್ರ ನಮ್ಮ ಮಗಳ ಮದುವೆ ಫೋಟೋ ಯಾಕುಂಟು?”

ಸೆಟ್ಟಿಂಗ್ಸಿಗೆ ಹೋಗಿ ಅಕೌಂಟಿನ ಹೆಸರು ಬದಲಿಸಿದರೆ ಪರದೆಯ ಮೇಲೆ ಪದ್ಮನಾಭ ಅಂತ ಚೆಂದಕ್ಕೆ ಬರುತ್ತದೆ. ಫೋಲ್ಡರ್ ಮಾತ್ರ ಪದ್ಮಳಾಗಿಯೇ ಉಳಿಯುತ್ತದೆ. ಈ ಸಂಸಾರ ಉಳಿಸಬೇಕಾದರೆ ಮೊದಲು ಬೇಕಾದ ಹೆಸರಿನಲ್ಲಿ ಲೋಕಲ್ ಅಕೌಂಟ್ ಮಾಡಿ, ಆಮೇಲೆ ಅದನ್ನು ಮೈಕ್ರೋಸಾಫ್ಟ್ ಅಕೌಂಟಿಗೆ ಜೋಡಿಸಬೇಕು. ಲೋಕಲ್ ಅಕೌಂಟನ್ನು ಮೊದಲು ಮಾಡಲು ಬಿಡುವುದಿಲ್ಲ ಎನ್ನುವುದು ಬೇರೆ ಮಾತು.

ಹೇಗೋ ಪರದಾಡಿ ಲೋಕಲ್ ಅಕೌಂಟ್ ಮಾಡಿದವರನ್ನೂ ವಿಂಡೋಸ್ ಸುಮ್ಮನೆ ಬಿಡುವುದಿಲ್ಲ. ಪಾಸ್‌ವರ್ಡ್ ಮರೆತರೆ ಬೇಕಾಗುತ್ತದೆ ಅಂತ ಹೇಳಿ ಮೂರು ಗುಟ್ಟಿನ ಪ್ರಶ್ನೆಗಳಿಗೆ ಉತ್ತರ ಬರೆಸಿಕೊಳ್ಳುತ್ತದೆ. ಆರಿಸಲು ಕೊಡುವುದು ಆರು ಪ್ರಶ್ನೆ. ಪ್ರಶ್ನೆ ಬರೆದವರಿಗೆ ಗುಟ್ಟು ಅಂದರೆ ಏನು ಅಂತ ನಮ್ಮ ಊರಿನ ಲೆಕ್ಕದಲ್ಲಿ ಯಾರೂ ಹೇಳಿಲ್ಲ.

ಮೊದಲ ಸಾಕುಪ್ರಾಣಿಯ ಹೆಸರು? ಆ ನಾಯಿಯನ್ನು ನಿಮ್ಮ ಅಜ್ಜಿ ದಿನಾ ರಾತ್ರಿ ಅನ್ನ ಹಾಕಲು ಗದ್ದೆಯ ಆಚೆ ಕೇಳುವ ಹಾಗೆ ಕೂಗಿ ಕರೆದಿದ್ದಾರೆ. ಎಂಟು ಮನೆಗೆ ಗೊತ್ತು. ಬಾಲ್ಯದ ಅಡ್ಡಹೆಸರು? ಬಾಲ್ಯ ಮುಗಿದು ಮೊಮ್ಮಕ್ಕಳಾದರೂ ಇಡೀ ಕೇರಿ ಅದೇ ಹೆಸರಿನಲ್ಲಿ ಕರೆಯುತ್ತದೆ. ಮದುವೆ ಕರೆಯೋಲೆಯಲ್ಲಿ ನಿಜ ಹೆಸರು ಓದಿದಾಗಲೇ ಜನ ‘ಇದು ಯಾರದ್ದು?’ ಅಂತ ಕೇಳಿದ್ದು. ಮೊದಲ ಶಾಲೆ? ಊರಿಗೆ ಇದ್ದದ್ದೇ ಒಂದು. ದಾಯಾದಿಗಳಲ್ಲಿ ಎಲ್ಲರಿಗಿಂತ ಹಿರಿಯರ ಹೆಸರು? ಯಾರು ಹಿರಿಯರು ಅಂತ ತೀರ್ಮಾನವಾಗದೆ ಕೋರ್ಟಿನಲ್ಲಿ ಪಾಲುಪಟ್ಟಿ ಕೇಸು ಇನ್ನೂ ನಡೆಯುತ್ತಾ ಉಂಟು. ವಿಂಡೋಸಿಗೆ ಕೊಟ್ಟ ಉತ್ತರವನ್ನು ನಾಳೆ ಎದುರು ಪಾರ್ಟಿಯವರು ಸಾಕ್ಷಿ ಅಂತ ಹಾಜರುಪಡಿಸಿದರೆ?

ತಂದೆ ತಾಯಿ ಮೊದಲು ಭೇಟಿಯಾದ ಊರು ಯಾವುದು ಎನ್ನುವ ಪ್ರಶ್ನೆಯಂತೂ ಅತ್ಯುತ್ತಮ. ಒಬ್ಬ ಮಗ ಇದನ್ನು ಅಪ್ಪನ ಹತ್ತಿರ ಕೇಳಿಯೇಬಿಟ್ಟ. ಅಪ್ಪ ಪೇಪರಿನಿಂದ ತಲೆ ಎತ್ತದೆ ಹೇಳಿದರು, “ಭೇಟಿ ಆದದ್ದು ಎಂತ? ನಿನ್ನ ಅಜ್ಜ ನೋಡಿ ಬಂದು ಆಯ್ತು ಅಂದರು. ನಾನು ನೋಡಿದ್ದು ಧಾರೆ ಮಂಟಪದಲ್ಲಿ.” ಒಳಗಿನಿಂದ ಅಮ್ಮನ ಸ್ವರ ಬಂತು. “ನಾನು ಅದಕ್ಕೆ ಮೊದಲೇ ನೋಡಿದ್ದೆ. ಕದ್ರಿ ಜಾತ್ರೆಯಲ್ಲಿ. ಇವರು ಐಸ್‌ಕ್ಯಾಂಡಿ ತಿಂತಾ ಇದ್ರು.” ಮೂವತ್ತೈದು ವರ್ಷ ಅಪ್ಪನಿಗೇ ಗೊತ್ತಿರದ ವಿಷಯ. ಆರು ಪ್ರಶ್ನೆಗಳಲ್ಲಿ ನಿಜಕ್ಕೂ ಗುಟ್ಟಾಗಿ ಉಳಿದದ್ದು ಇದೊಂದೇ, ಅದೂ ಅವತ್ತೇ ಬಯಲಾಯಿತು.

ಹುಟ್ಟಿದ ಊರಿಗೆ ಬಂದರೆ ಉತ್ತರ ಸುಲಭ, ಆದರೆ ಬರೆಯುವುದು ಹೇಗೆ? 2014ರ ನವೆಂಬರ್ 1ರಿಂದ ಸರ್ಕಾರಿ ಕಾಗದದಲ್ಲಿ ಮಂಗಳೂರಿನ ಇಂಗ್ಲಿಷ್ ಸ್ಪೆಲಿಂಗೇ ಬೇರೆ. ಮನೆಯಲ್ಲಿ ಕುಡ್ಲ, ಪಕ್ಕದ ಮನೆಯವರಿಗೆ ಕೊಡಿಯಾಲ. ಮೂರು ವರ್ಷ ಹಿಂದೆ ಯಾವ ಹುಮ್ಮಸ್ಸಿನಲ್ಲಿ ಯಾವುದನ್ನು ಬರೆದಿದ್ದೀರಿ ಅಂತ ಈಗ ನೆನಪಾಗಬೇಕು.

ಇನ್ನು ಪಾಸ್‌ವರ್ಡಿನ ಬದಲು ಒತ್ತುವ ಪಿನ್ ವಿಷಯ. ಪಿನ್ ಆ ಒಂದು ಯಂತ್ರಕ್ಕೆ ಮಾತ್ರ ಕಟ್ಟಿಹಾಕಿದ್ದು, ಬೇರೆ ಯಂತ್ರದಲ್ಲಿ ಯಾರ ಉಪಯೋಗಕ್ಕೂ ಬಾರದು, ಹಾಗಾಗಿ ಪಾಸ್‌ವರ್ಡಿಗಿಂತ ಒಳ್ಳೆಯದು. ಇದು ಸರಿಯಾದ ಮಾತೇ. ನಮ್ಮವರು ಅದಕ್ಕೆ ಸ್ಕೂಟರಿನ ನಂಬರ್ ಇಡುತ್ತಾರೆ. ಕೆಎ 19ರ ಮುಂದೆ ನಾಲ್ಕು ಅಂಕೆ. ಅಂಗಳದಲ್ಲೇ ನಿಂತಿರುತ್ತದೆ, ಕತ್ತಲಲ್ಲೂ ಹೊಳೆಯುವ ಪ್ಲೇಟಿನ ಮೇಲೆ.

ಆಫೀಸುಗಳದ್ದು ಬೇರೆಯೇ ಪುರಾಣ. ತೊಂಬತ್ತು ದಿನಕ್ಕೊಮ್ಮೆ ಪಾಸ್‌ವರ್ಡ್ ಬದಲಿಸಬೇಕು, ಒಂದು ದೊಡ್ಡಕ್ಷರ, ಒಂದು ಅಂಕೆ, ಒಂದು ಚಿಹ್ನೆ ಇರಲೇಬೇಕು. ಈ ಶಾಸ್ತ್ರದ ಮೂಲ 2003ರಲ್ಲಿ ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಐಎಸ್‌ಟಿಗಾಗಿ ಬಿಲ್ ಬರ್ ಎನ್ನುವವರು ಬರೆದ ಒಂದು ದಾಖಲೆ. 2017ರಲ್ಲಿ ಅವರೇ, ಅದರಲ್ಲಿ ಬಹಳಷ್ಟಕ್ಕೆ ಈಗ ಪಶ್ಚಾತ್ತಾಪ ಆಗುತ್ತಿದೆ ಅಂದರು. ಅದೇ ವರ್ಷ ಎನ್‌ಐಎಸ್‌ಟಿ ಆ ನಿಯಮ ಕೈಬಿಟ್ಟಿತು. 2019ರಲ್ಲಿ ಮೈಕ್ರೋಸಾಫ್ಟ್ ಕೂಡ ಇಷ್ಟು ದಿನಕ್ಕೊಮ್ಮೆ ಬದಲಿಸಿ ಅನ್ನುವುದನ್ನು ತನ್ನ ಶಿಫಾರಸಿನಿಂದ ತೆಗೆಯಿತು. ನಮ್ಮ ಆಫೀಸುಗಳಿಗೆ ಆ ಸುತ್ತೋಲೆ ಇನ್ನೂ ಬಂದಿಲ್ಲ. ಹಾಗಾಗಿ ಪಾಸ್‌ವರ್ಡುಗಳು ಪಂಚಾಂಗ ನೋಡಿಕೊಂಡು ನಡೆಯುತ್ತವೆ. ಯುಗಾದಿ ಅಟ್ 123, ಅಷ್ಟಮಿ ಅಟ್ 123, ದಸರಾ ಅಟ್ 123, ಕಂಬಳ ಅಟ್ 123. ವರ್ಷ ಮುಗಿಯಿತು. ಯಾವ ತಿಂಗಳು ಅಂತ ಗೊತ್ತಿದ್ದರೆ ಯಾವ ಆಫೀಸಿಗೂ ನುಗ್ಗಬಹುದು. ತಿಂಗಳು ಗೊತ್ತಿಲ್ಲದವರಿಗಾಗಿ ಮಾನಿಟರಿನ ಕೆಳಗೆ ಚೀಟಿ ಅಂಟಿಸಿದ್ದಾರೆ.

ನಕ್ಕು ಪ್ರಯೋಜನವಿಲ್ಲ. ಕಂಪ್ಯೂಟರ್ ಪಾಸ್‌ವರ್ಡ್ ಮೊದಲು ಬಂದದ್ದೇ 1960ರ ದಶಕದ ಶುರುವಿನಲ್ಲಿ, ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ. 1962ರಲ್ಲಿ ಅಲ್ಲಿನ ಅಲನ್ ಶೆರ್ ಎನ್ನುವ ಸಂಶೋಧಕರು, ತನಗೆ ಕೊಟ್ಟ ಕಂಪ್ಯೂಟರ್ ಸಮಯ ಸಾಲದು ಅಂತ, ಎಲ್ಲರ ಪಾಸ್‌ವರ್ಡ್ ಇದ್ದ ಫೈಲನ್ನೇ ಪ್ರಿಂಟ್ ತೆಗೆಸಿಕೊಂಡಿದ್ದರು. ಚೀಟಿಯ ಪರಂಪರೆ ದೊಡ್ಡದು.

ಇಷ್ಟು ಬೀಗ, ಇಷ್ಟು ಪ್ರಶ್ನೆ, ಇಷ್ಟು ಗುಟ್ಟು. ಕೊನೆಗೆ ಮನೆಮಂದಿಯೆಲ್ಲ ಒಂದೇ ಅಕೌಂಟಿನಲ್ಲಿ. ಮೊದಲು ಮಾಡಿದ ಅಕೌಂಟ್ ಎಲ್ಲ ಅಧಿಕಾರ ಇರುವ ಅಡ್ಮಿನಿಸ್ಟ್ರೇಟರ್ ಆಗಿರುತ್ತದೆ, ಅದರಲ್ಲೇ ಅಪ್ಪನ ಟ್ಯಾಕ್ಸು, ಅದರಲ್ಲೇ ಮಗನ ಗೇಮು. ‘ಈ ಪ್ರೋಗ್ರಾಂ ನಿಮ್ಮ ಕಂಪ್ಯೂಟರಿನಲ್ಲಿ ಬದಲಾವಣೆ ಮಾಡಬಹುದೇ?’ ಅಂತ 2007ರಲ್ಲಿ ವಿಸ್ಟಾ ಬಂದಾಗಿನಿಂದ ಅದು ಕೇಳುತ್ತಲೇ ಇದೆ. ಒಂಬತ್ತು ವರ್ಷದ ಹುಡುಗ ‘ಯೆಸ್’ ಒತ್ತುತ್ತಲೇ ಇದ್ದಾನೆ. ಮಕ್ಕಳಿಗೆ ಬೇರೆ ಸ್ಟ್ಯಾಂಡರ್ಡ್ ಅಕೌಂಟ್ ಮಾಡಿಕೊಟ್ಟರೆ ಅದೇ ಜಾಗದಲ್ಲಿ ಅಪ್ಪನ ಪಾಸ್‌ವರ್ಡ್ ಕೇಳುತ್ತದೆ. ನಿಜವಾಗಿ ಉಪಕಾರಕ್ಕೆ ಬರುವ ಒಂದೇ ಏರ್ಪಾಡು ಇದು. ಇದನ್ನು ಮಾಡಿ ಅಂತ ಹೊಸ ಲ್ಯಾಪ್‌ಟಾಪ್ ಹಟ ಹಿಡಿಯುವುದಿಲ್ಲ.

ಉಡುಪಿಯಲ್ಲಿ ನೋಡಿ. ಎಂಟು ಮಠ ಇದ್ದರೂ ಕೃಷ್ಣನ ಪೂಜೆಯ ಹೊಣೆ ಒಂದು ಸಲಕ್ಕೆ ಒಂದೇ ಮಠಕ್ಕೆ. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಅಕ್ಷಯಪಾತ್ರೆ, ಸಟ್ಟುಗ, ಗರ್ಭಗುಡಿಯ ಕೀಲಿಕೈ ಎಲ್ಲವೂ ಊರಿನ ಎದುರೇ ಕೈ ಬದಲಾಗುತ್ತದೆ. ಅಡ್ಮಿನ್ ಯಾರು ಅಂತ ರಥಬೀದಿಯ ಚಿಕ್ಕ ಮಗುವಿಗೂ ಗೊತ್ತು. ವಾದಿರಾಜರ ಕಾಲದಿಂದ ಈ ಎರಡು ವರ್ಷದ ಕ್ರಮ ಕೆಡದೆ ನಡೆದು ಬಂದಿದೆ. ನಮ್ಮ ಮನೆಯ ಒಂದು ಲ್ಯಾಪ್‌ಟಾಪಿನ ಕೀಲಿಕೈ ಯಾರ ಹತ್ತಿರ ಉಂಟು ಅಂತ ಮನೆಯವರಿಗೆ ಗೊತ್ತಿಲ್ಲ.

ಗೊತ್ತಾಗುವುದು ಒಂದು ನೀಲಿ ಪರದೆ ಬಂದ ದಿನ. ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಒಳಗೆ ಹೋದ ಎಷ್ಟೋ ಹೊಸ ಯಂತ್ರಗಳಲ್ಲಿ ಡಿಸ್ಕಿಗೆ ತಾನಾಗಿಯೇ ಬೀಗ ಬೀಳುತ್ತದೆ. ಬಿಟ್‌ಲಾಕರ್ ಅಂತ. ಮದರ್‌ಬೋರ್ಡ್ ಬದಲಿಸಿದರೆ, ಕೆಲವೊಮ್ಮೆ ಯಂತ್ರವನ್ನು ಶುರು ಮಾಡುವ ಬಯೋಸ್ ಅಪ್‌ಡೇಟ್ ಆದರೂ ಸಾಕು, ಅದು 48 ಅಂಕೆಯ ಕೀ ಕೇಳುತ್ತದೆ. ಆ ಕೀ ಅಕೌಂಟಿನಲ್ಲಿ ಭದ್ರವಾಗಿ ಇರುತ್ತದೆ. ಅಕೌಂಟ್ ತೆರೆಯಲು ಓಟಿಪಿ ಬೇಕು. ಓಟಿಪಿ ಹೋಗುವುದು ಅಂಗಡಿ ಹುಡುಗನ ನಂಬರಿಗೆ. ಹುಡುಗ ಈಗ ಶಾರ್ಜಾದಲ್ಲಿದ್ದಾನೆ.

ಅಂಗಡಿಯವರಿಂದ ವಾಟ್ಸಾಪ್ ನಂಬರ್ ಇಸಿದುಕೊಂಡು ಫೋನ್ ಮಾಡಿದರೆ ಹುಡುಗ ಒಳ್ಳೆಯವನೇ. “ಸರ್, ಆ ಸಿಮ್ ಊರಲ್ಲಿ ಉಂಟು, ಅಮ್ಮನ ಫೋನಿನಲ್ಲಿ. ಕಾರ್ಕಳ ಹತ್ರ ಮನೆ. ನಾನು ಹೇಳಿದೆ ಅಂತ ಹೇಳಿ, ಕೊಡ್ತಾರೆ.”

ಅಮ್ಮನಿಗೆ ಫೋನ್ ಮಾಡಿ ವಿಷಯ ಎಲ್ಲ ವಿವರಿಸಿ, ಈಗೊಂದು ಮೆಸೇಜು ಬಂದಿರುತ್ತದೆ, ಅದರಲ್ಲಿರುವ ನಂಬರ್ ಸ್ವಲ್ಪ ಓದಿ ಹೇಳಿ ಅಂದರೆ, ಅವರು ಹೇಳುವುದಿಲ್ಲ. “ಓಟಿಪಿ ಯಾರು ಕೇಳಿದ್ರೂ ಕೊಡಬಾರದು ಅಂತ ಟಿವಿಯಲ್ಲಿ ದಿನಾ ಹೇಳ್ತಾರೆ. ಇಡಿ ಫೋನು.”